ತೊಟ್ಟಿಲಲ್ಲಿ ನಾನು ಹೇಳದ ಹೆಸರು

ನನ್ನ ಅಪ್ಪನ ಹೆಸರು ಹುಸೇನಪ್ಪ. ಬೇವೂರಿನ ಹತ್ತಿರದ ನಮ್ಮ ಊರಲ್ಲಿ ನಾನು ಸಣ್ಣವಳಿದ್ದಾಗ ಈ ಹೆಸರಿನವರು ಏಳು ಮಂದಿ ಇದ್ದರು. ಓಣಿಯಲ್ಲಿ ನಿಂತು ಕೂಗಿದರೆ ಮೂರು ಮನೆಯಿಂದ ಓಗೊಡುತ್ತಿದ್ದರು. ಗಿರಣಿ ಹುಸೇನಪ್ಪ, ಉದ್ದನ್ನ ಹುಸೇನಪ್ಪ ಎಂದು ಗುರುತು ಹಚ್ಚಿ ಕರೆಯಬೇಕಾಗುತ್ತಿತ್ತು. ಆ ಏಳರಲ್ಲಿ ಮುಸಲ್ಮಾನರು ಒಬ್ಬರೇ. ಉಳಿದವರು ನಮ್ಮ ಹಾಗೆ ಹೊಲ ಮಾಡಿಕೊಂಡಿದ್ದ ಹಿಂದೂ ಮನೆಯವರು. ಮಕ್ಕಳು ಹುಟ್ಟಿ ಉಳಿಯದಿದ್ದರೆ ಮೊಹರಂನಲ್ಲಿ ಕೂರಿಸುವ ಅಲಾಯಿ ದೇವರಿಗೆ ಹರಕೆ ಹೊರುವುದು, ಉಳಿದ ಕೂಸಿಗೆ ಆ ಹೆಸರಿಟ್ಟು ದೇವರ ಮುಂದೆ ಸಕ್ಕರೆ ಓದಿಸಿ ಹಂಚುವುದು. ಅದರಲ್ಲಿ ವಿಶೇಷವೇನೂ ಯಾರಿಗೂ ಕಂಡಿರಲಿಲ್ಲ.

ಅದು ಅರಬ್ಬಿ ಹೆಸರೆಂದು ನನಗೆ ತಿಳಿದದ್ದು ಗಂಗಾವತಿಯಲ್ಲಿ ಬಿ.ಎ. ಓದುವಾಗ. ಉರ್ದು ಕಲಿಸುತ್ತಿದ್ದ ಉಪನ್ಯಾಸಕರೊಬ್ಬರು ಹೇಳಿದ್ದರು: ಹಸನ್ ಅಂದರೆ ಚೆಲುವ, ಒಳ್ಳೆಯವ, ಅದನ್ನೇ ಮುದ್ದಿನಿಂದ ಚಿಕ್ಕದು ಮಾಡಿದರೆ ಹುಸೇನ್. ಕರ್ಬಲಾದಲ್ಲಿ ಪ್ರಾಣ ಬಿಟ್ಟ, ಪ್ರವಾದಿಯವರ ಮೊಮ್ಮಗನ ಹೆಸರು. ರಜೆಗೆ ಬಂದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ.

‘ಚೆಲುವ ಅಂತನ? ನಿಮ್ಮವ್ವಗ ಹೇಳವಾ. ಇಷ್ಟು ವರ್ಷದಾಗ ಒಮ್ಮೆರ ಅಂದಿಲ್ಲ’ ಎಂದು ಅಪ್ಪ ನಕ್ಕ.

ಕೊಪ್ಪಳ ಜಿಲ್ಲೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ನಾನು, ಅಪ್ಪ ಕುಷ್ಟಗಿಯಿಂದ ಯಲಬುರ್ಗಾಕ್ಕೆ ಹೊರಟಿದ್ದೆವು. ಎಲ್ಲೋ ದೂರದ ಊರಲ್ಲಿ ಗಲಾಟೆಯಾಗಿ ಬಸ್ಸು ನಿಂತಿದ್ದವು. ಟೆಂಪೊ ಹತ್ತಿದೆವು. ಊರು ದಾಟಿ ಸ್ವಲ್ಪ ದೂರದಲ್ಲಿ ಹತ್ತು ಹನ್ನೆರಡು ಹುಡುಗರು ಅಡ್ಡ ನಿಂತು, ಒಬ್ಬೊಬ್ಬರ ಹೆಸರು ಕೇಳತೊಡಗಿದರು. ಅಪ್ಪ ತನ್ನ ಹೆಸರು ಹೇಳಿದ. ಅದು ತೊಂದರೆಯ ಮಾತೆಂದು ಅವನಿಗೆ ಹೊಳೆಯಲೇ ಇಲ್ಲ. ಕೊರಳ ವಸ್ತ್ರ ಹಿಡಿದು ಅವನನ್ನು ಕೆಳಗೆ ಎಳೆದರು. ಒಬ್ಬನ ಕೈಯಲ್ಲಿ ಕಲ್ಲಿತ್ತು. ಅವನು ಅದನ್ನು ಎತ್ತಿದ.

ನಾನು ಜಿಗಿದು ಕಿರುಚಿದೆ. ನಮ್ಮ ಜಾತಿ, ಮನೆದೇವರು, ಅಜ್ಜನ ಹೆಸರು, ನೆನಪಿಗೆ ಬಂದದ್ದೆಲ್ಲ. ‘ನಾವು ಹಿಂದೂಗಳ್ರೀ!’ ಎಂದು ಎಷ್ಟು ಸಲ ಕೂಗಿದೆನೋ. ಕಲ್ಲು ಕೆಳಗಿಳಿಯಿತು. ಒಬ್ಬ ನಕ್ಕ.

‘ಮತ್ತ ಹಿಂಗ್ಯಾಕ ಇಟ್ಕೊಂಡಿ ಮುದುಕಾ? ಬ್ಯಾರೆ ಹೆಸರು ಸಿಗಲಿಲ್ಲೇನು?’

‘ನಾ ಇಟ್ಕೊಂಡಿಲ್ಲಪಾ. ನಮ್ಮವ್ವ ಇಟ್ಟಾಳ.’

ಟೆಂಪೊ ಹೊರಟ ಮೇಲೆ ಅಪ್ಪ ನನಗೆ ಅಂದದ್ದು ಒಂದೇ ಮಾತು. ‘ಅವ್ರು ಹೆಸರು ಕೇಳಿದ್ರು, ನಾ ಹೇಳಿದ್ನಿ. ನೀ ಯಾಕ ಜಾತಿ ಹೇಳಿದಿ?’

ಜೀವ ಉಳಿಸಿದ್ದಕ್ಕೆ ಬೈಗುಳ! ನನಗೆ ಸಿಟ್ಟು ಬಂತು. ಆದರೆ ಈಗಲೂ ಶಾಲೆಯಲ್ಲಿ ಪಾಠ ಮಾಡುತ್ತ ನಿಂತಾಗ ಕಲ್ಲು ಹಿಡಿದ ಆ ಕೈ ಕಣ್ಣ ಮುಂದೆ ಮೇಲೇಳುತ್ತದೆ, ಮಕ್ಕಳ ಮುಂದೆ ಮಾತು ತಪ್ಪುತ್ತೇನೆ. ಆ ಟೆಂಪೊದಲ್ಲಿ ನಮ್ಮೂರಿನ ಆ ಒಬ್ಬ ಮುಸಲ್ಮಾನ ಹುಸೇನಪ್ಪ ಕೂತಿದ್ದರೆ, ನನ್ನ ಕಿರುಚಾಟ ಅವರನ್ನು ಏನು ಮಾಡುತ್ತಿತ್ತು? ಅದನ್ನು ಯೋಚಿಸಲು ಹೋಗಿ ಪ್ರತಿ ಸಲ ಅರ್ಧಕ್ಕೇ ಬಿಡುತ್ತೇನೆ.

ಐದಾರು ವರ್ಷದ ನಂತರ ನನ್ನ ತಮ್ಮನಿಗೆ ಗಂಡು ಕೂಸು ಹುಟ್ಟಿತು. ಅದಕ್ಕೆ ಮೊದಲು ಎರಡು ಹೋಗಿದ್ದವು. ಅವ್ವ ಯಾರನ್ನೂ ಕೇಳದೆ ಅಲಾಯಿ ದೇವರಿಗೆ ಹರಕೆ ಹೊತ್ತುಬಿಟ್ಟಿದ್ದಳು. ನಾನು ಆ ಹೆಸರು ಬೇಡವೆಂದೆ, ಜಗಳವಾಡಿದೆ, ಎರಡು ದಿನ ಉಣ್ಣಲಿಲ್ಲ.

‘ಕೂಸು ಕೊಟ್ಟಾಂವ ಅಂವ. ಹೆಸರು ಮಾತ್ರ ನಿನ್ನ ಪುಸ್ತಕದಾಗಿಂದೇನು?’ ಎಂದಳು ಅವ್ವ.

‘ರಸ್ತೆದಾಗ ನಿಲ್ಲಿಸಿ ಕೇಳಿದ್ರ ನೀ ಹೋಗ್ತಿಯೇನು ಬಿಡಿಸಾಕ?’

‘ಆವಾಗೂ ಆ ದೇವರೇ ಬಿಡಿಸ್ಯಾನ.’

‘ಬಿಡಿಸಿದಾಕಿ ನಾ!’

ಅವ್ವ ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಅವಳು ‘ಕುರ್ರ್’ ಎಂದು ಬಗ್ಗಿ ಹೇಳುತ್ತಿದ್ದಂತೆ ಹೆಂಗಸರೆಲ್ಲ ಬೆನ್ನಿಗೆ ಗುದ್ದುತ್ತಾರೆ. ಆ ಹಕ್ಕು ನನ್ನದು. ಬಗ್ಗಿದೆ. ನಾನೇ ಆರಿಸಿಟ್ಟಿದ್ದ ಬೇರೊಂದು ಹೆಸರು ಹೇಳಿದೆ. ಯಾರೂ ಎಲ್ಲಿಯೂ ಬೆರಳಿಡಲಾಗದ ಹೆಸರು.

ಗುದ್ದುತ್ತಲೇ ಚಿಗವ್ವ ಅಂದಳು, ‘ಜೋರಾಗಿ ಹೇಳ್ರೀ ಅಕ್ಕೋರ! ಸಾಲ್ಯಾಗ ಒದರತೀರಿ, ಇಲ್ಲೇನಾತು ದನಿ?’

ಜೋರಾಗಿಯೇ ಹೇಳಿದೆ. ಬೆನ್ನ ಮೇಲಿನ ಕೈಗಳು ನಿಂತವು. ಅವ್ವ ಎದ್ದು ಕೂಸನ್ನು ಎತ್ತಿಕೊಂಡು, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ, ‘ಬಾರೋ ನನ್ನ ಹುಸೇನಾ’ ಎಂದು ಒಳಗೆ ನಡೆದಳು. ಹೆಂಗಸರು ಹಿಂದೆಯೇ ಹೋದರು. ಖಾಲಿ ತೊಟ್ಟಿಲ ಮುಂದೆ ನಾನೊಬ್ಬಳು.

ಅಪ್ಪ ಕಟ್ಟೆಯ ಮೇಲಿದ್ದ. ಬೈಯುತ್ತಾನೆಂದುಕೊಂಡೆ. ‘ಕುಂಡ್ರು’ ಎಂದ. ‘ಬೆನ್ನು ನೋಯಾಕತ್ತೈತೇನು?’ ಹೆಸರಿನ ಮಾತೇ ಎತ್ತಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಕಾಗದದಲ್ಲೆಲ್ಲ ಈಗ ನಾನಿಟ್ಟ ಹೆಸರೇ ಇದೆ. ಶಾಲೆಗೆ ಹೆಸರು ಹಚ್ಚುವಾಗ ಅರ್ಜಿ ತುಂಬಿದ್ದೂ ನಾನೇ. ಊರಲ್ಲಿ ಒಬ್ಬರೂ ಆ ಹೆಸರಿನಿಂದ ಅವನನ್ನು ಕರೆಯುವುದಿಲ್ಲ. ಸಂಜೆ ಅವ್ವ ಬಾಗಿಲಲ್ಲಿ ನಿಂತು ‘ಏ ಹುಸೇನಾ, ಉಣ್ಣಾಕ ಬಾ’ ಎಂದು ಇಡೀ ಓಣಿಗೆ ಕೇಳುವಂತೆ ಕೂಗುತ್ತಾಳೆ. ನಾನು ಊರಿಗೆ ಹೋದಾಗ, ಅವಳು ಬಾಯಿ ತೆರೆಯುವ ಮೊದಲೇ ಹೊರಗೆ ಬಂದು, ರಸ್ತೆಯಲ್ಲಿ ಯಾರು ನಿಂತಿದ್ದಾರೆಂದು ನೋಡುತ್ತೇನೆ.