ಹೆಸರು ಪತ್ತೆಯಾಗುತ್ತಿಲ್ಲ, ತಾತ್ಕಾಲಿಕವಾಗಿ

ನನ್ನ ಕಂಪ್ಯೂಟರು ಕೆಟ್ಟಾಗ ಬಳಸುವ ಭಾಷೆ ಬಹಳ ಸಭ್ಯವಾದದ್ದು. ಅಂತರಜಾಲದ ಯಾವುದೋ ತಾಣದ ಹೆಸರು ಕೊಟ್ಟು ಹುಡುಕಲು ಹೇಳಿದಾಗ ಅದು ಸಿಗದಿದ್ದರೆ ‘ಹೆಸರು ಪತ್ತೆಹಚ್ಚುವಲ್ಲಿ ತಾತ್ಕಾಲಿಕ ವೈಫಲ್ಯ’ ಎಂಬರ್ಥದ ಒಂದು ಇಂಗ್ಲಿಷ್ ಸಾಲನ್ನು ಕಪ್ಪು ತೆರೆಯ ಮೇಲೆ ಮೂಡಿಸಿ ಸುಮ್ಮನಾಗುತ್ತದೆ. ಆ ಸಾಲಿನಲ್ಲಿ ನನ್ನ ಕಣ್ಣು ಕುಕ್ಕುವುದು ‘ತಾತ್ಕಾಲಿಕ’ ಎಂಬ ವಿಶೇಷಣ. ಬದುಕಿನ ಬಹುಭಾಗವನ್ನು ಶಿವಮೊಗ್ಗದ ಒಂದು ಪತ್ರಿಕೆಯ ಡೆಸ್ಕಿನಲ್ಲಿ, ಬೇರೆಯವರ ವಾಕ್ಯಗಳಿಂದ ವಿಶೇಷಣಗಳನ್ನು ಹೊಡೆದುಹಾಕುತ್ತಲೇ ಕಳೆದ ನನಗೆ, ಈ ವೈಫಲ್ಯ ತಾತ್ಕಾಲಿಕವೆಂದು ಯಂತ್ರಕ್ಕೆ ಹೇಳಿದವರು ಯಾರು ಎಂಬ ಪ್ರಶ್ನೆ ಏಳದೇ ಇರುವುದಿಲ್ಲ. ನಮ್ಮ ವರದಿಗಾರನೊಬ್ಬ ಮೂಲವಿಲ್ಲದೆ ಹೀಗೆ ಬರೆದು ತಂದಿದ್ದರೆ ಆ ಪದದ ಮೇಲೆ ಕೆಂಪು ಗೆರೆ ಎಳೆದು ಹಿಂದಕ್ಕೆ ಕೊಡುತ್ತಿದ್ದೆ.

ಕಳೆದ ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ, ವಿನೋಬನಗರದ ನಮ್ಮ ಮನೆಯಲ್ಲಿ, ಆ ಸಾಲು ಮತ್ತೆ ಮೂಡಿತು. ಬೆಳಿಗ್ಗೆ ಕೇಬಲ್‌ನವರು ಬಂದು ಅಂತರಜಾಲದ ಹಳೆಯ ರೌಟರನ್ನು ಕಿತ್ತು ಹೊಸದನ್ನು ಗೋಡೆಗೆ ಬಡಿದು, ಎಲ್ಲ ದೀಪವೂ ಹಸಿರಾಗಿರುವುದನ್ನು ತೋರಿಸಿ ಹೋಗಿದ್ದರು. ಹಳೆಯದು ಬಾಗಿಲ ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ ತನ್ನ ವೈರು ಸುತ್ತಿಕೊಂಡು ಮಲಗಿತ್ತು. ಮಧ್ಯಾಹ್ನ ಊಟ ಮುಗಿಸಿ ಒರಗಿಕೊಳ್ಳುವ ಹೊತ್ತಿಗೆ ಭದ್ರಾವತಿಯಿಂದ ನಸೀಮಾ ಫೋನು ಮಾಡಿದಳು. ಅಲ್ಲಿನ ಶಾಲೆಯೊಂದರಲ್ಲಿ ಮೇಡಂ ಆಗಿರುವ ಈ ನಸೀಮಾ ಬಂಡಲ್ ಸಾಬ್ರ ಮಗಳು. ಬೆಳಗಿನ ಜಾವ ಸಾಬ್ರು ತೀರಿಕೊಂಡಿದ್ದರು. ಮಧ್ಯಾಹ್ನದ ನಮಾಜಿನ ನಂತರ ಮಣ್ಣೂ ಆಗಿತ್ತು.

ಬಂಡಲ್ ಸಾಬ್ರು ಯಾರೆಂದು ನಿಮಗೆ ಹೇಳಬೇಕಾದರೆ ಮೊದಲು ಆ ಕಾಲದ ಭದ್ರಾವತಿಯ ಬಗ್ಗೆ ಸ್ವಲ್ಪ ಹೇಳಬೇಕು. ಕಾರ್ಖಾನೆಯ ಊರಿನಲ್ಲಿ ಮನುಷ್ಯರಿಗೆ ಎರಡೆರಡು ಹೆಸರು. ಅಪ್ಪ ಅಮ್ಮ ಇಟ್ಟದ್ದು ಹಾಜರಿ ಪುಸ್ತಕಕ್ಕೆ ಸೀಮಿತ. ಊರಲ್ಲಿ ಓಡಾಡುತ್ತಿದ್ದದ್ದು ಇನ್ನೊಂದು. ಎರಡೆರಡು ಪಾಳಿ ದುಡಿಯುವ ರಾಮರಾಯರು ಡಬಲ್ ಓಟಿ, ಕುಲುಮೆಯ ಮುಂದೆ ನಿಲ್ಲುತ್ತಿದ್ದವರು ಫರ್ನೆಸ್ ಪೆರುಮಾಳ್, ರೈಲ್ವೆ ಗೇಟಿನಾಚೆ ಮನೆ ಮಾಡಿಕೊಂಡು ಪ್ರತಿದಿನ ಶಾಲೆಗೆ ತಡವಾಗಿ ಬರುತ್ತಿದ್ದವರು ಗೇಟ್ ಮೇಷ್ಟ್ರು. ಕ್ವಾರ್ಟರ್ಸಿನ ಮನೆಗಳಿಗೆ ಸಂಖ್ಯೆಗಳೇನೋ ಇದ್ದವು, ಆದರೆ ಯಾರೂ ಸಂಖ್ಯೆ ಹೇಳುತ್ತಿರಲಿಲ್ಲ, ಯಾರಿಗೂ ನೆನಪಿರುತ್ತಲೂ ಇರಲಿಲ್ಲ. ಹೆಸರಿಗೂ ಮನೆಗೂ ನಡುವೆ ಇದ್ದ ಕೊಂಡಿ ಎಂದರೆ ಬಸ್ ನಿಲ್ದಾಣದ ಪಕ್ಕದ ಬಾದಾಮಿ ಮರದ ಕೆಳಗೆ ಒಂದು ಬೆಂಚು ಹಾಕಿಕೊಂಡು ಕೂತ ಈ ಸಾಬ್ರು. ಶಿವಮೊಗ್ಗದ ಮೊದಲ ಬಸ್ಸಿನ ಟಾಪಿನಿಂದ ಪತ್ರಿಕೆಗಳ ಬಂಡಲುಗಳನ್ನು ಇಳಿಸಿಕೊಂಡು, ಬಿಚ್ಚಿ, ಹಂಚಿ, ಉಳಿದದ್ದನ್ನು ಬೆಂಚಿನ ಮೇಲೆ ಹರಡಿ ಮಾರುವುದು ಅವರ ಕೆಲಸ. ಪತ್ರಿಕೆಗಳ ಏಜೆಂಟರು ಕಾಲಕಾಲಕ್ಕೆ ಬದಲಾದರು, ಬಂಡಲು ಇಳಿಸಿಕೊಳ್ಳುವವರು ಬದಲಾಗಲಿಲ್ಲ.

ನಾನು ಹೊಸ ವರದಿಗಾರನಾಗಿ ಭದ್ರಾವತಿಗೆ ಹೋಗುತ್ತಿದ್ದ ದಿನಗಳಲ್ಲಿ, ಬಸ್ಸಿಳಿದು ನೇರವಾಗಿ ಅವರ ಮುಂದೆ ನಿಲ್ಲುತ್ತಿದ್ದೆ. ಹೆಸರು ಹೇಳಿದರೆ ಸಾಕು, ತಲೆಯೆತ್ತದೆ, ಪತ್ರಿಕೆ ಮಡಿಸುತ್ತಲೇ, ಸೇತುವೆ ದಾಟಿ, ಹಿಟ್ಟಿನ ಗಿರಣಿ ಬಿಟ್ಟು, ಹಸಿರು ಬಾಗಿಲು ಎಂದು ಹೇಳಿಬಿಡುತ್ತಿದ್ದರು. ತಮಗೆ ತಿಳಿಯದ ಹೆಸರಾದರೆ ಪಕ್ಕದ ಬೀಡಾ ಅಂಗಡಿಯವರನ್ನು ಕೇಳುವರು. ಅವರಿಗೂ ತಿಳಿಯದಿದ್ದರೆ, ಸ್ವಲ್ಪ ತಡೀರಿ ಸ್ವಾಮಿ, ಪಾಳಿ ಬಿಡಲಿ, ಕಾರ್ಖಾನೆ ಗೇಟಲ್ಲಿ ವಿಚಾರಿಸೋಣ ಎನ್ನುವರು. ಒಮ್ಮೆ ತಿಳಿದುಕೊಂಡದ್ದನ್ನು ಮತ್ತೆ ವಿಚಾರಿಸಿದ್ದಿಲ್ಲ. ಮನೆ ಬದಲಾಯಿಸಿದವರು ರೇಷನ್ ಅಂಗಡಿಗೆ ಹೇಳುವುದಕ್ಕೆ ಮೊದಲು ಸಾಬ್ರಿಗೆ ಹೇಳುತ್ತಿದ್ದರು, ಏಕೆಂದರೆ ಮರುದಿನದ ಪತ್ರಿಕೆ ಹೊಸ ಬಾಗಿಲಿಗೆ ಬೀಳಬೇಕಲ್ಲ. ಎಷ್ಟೋ ವರ್ಷಗಳ ನಂತರ, ಕಂಪ್ಯೂಟರುಗಳು ತಾಣದ ಹೆಸರನ್ನು ಅದರ ವಿಳಾಸವಾದ ಸಂಖ್ಯೆಯಾಗಿಸಿಕೊಳ್ಳುವ ಬಗೆಯನ್ನು ಒಂದು ತಾಂತ್ರಿಕ ಪುಸ್ತಕದಲ್ಲಿ ಓದುತ್ತಿದ್ದಾಗ, ಇದನ್ನು ನಾನು ಬಾದಾಮಿ ಮರದ ಕೆಳಗೆ ನೋಡಿದ್ದೇನಲ್ಲ ಎನಿಸಿತ್ತು.

ಇಂಥವರ ಹೆಸರೇ ಕೊನೆಗೆ ಯಾರಿಗೂ ತಿಳಿಯದೆ ಹೋಯಿತು. ನಸೀಮಾ ಅಳದೆ, ಒಂದೊಂದಾಗಿ ಹೇಳಿದಳು.

“ಮಸೀದಿ ಮೈಕಲ್ಲಿ ಸೈಯದ್ ಇಸ್ಮಾಯಿಲ್ ಅಂತ ಕೂಗಿದ್ರು ಅಂಕಲ್. ಎದುರುಗಡೆ ಹೋಟ್ಲಲ್ಲಿ ಟೀ ಕುಡೀತಿದ್ದೋರೆಲ್ಲ ಅಬ್ಬಾನ ಹತ್ರಾನೇ ಪೇಪರ್ ತಗೊಳ್ತಿದ್ದೋರು. ಯಾರೋ ಪಾಪ ಅಂದ್ರಂತೆ, ಟೀ ಮುಗಿಸಿ ಎದ್ರಂತೆ. ಸೆಲ್ವಣ್ಣ ಏನ್ ಮಾಡಿದ್ರು ಗೊತ್ತಾ? ಯಾರಿದು ಇಸ್ಮಾಯಿಲ್ ಅಂತ ಕೇಳೋಕೆ ಅಬ್ಬಾನ ಬೆಂಚಿಗೇ ಹೋದ್ರು.”

ಸೆಲ್ವಣ್ಣ ಎಂದರೆ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದ ಸೆಲ್ವರಾಜ್. ನಿವೃತ್ತಿಯ ಮೇಲೆ ಅವರ ಬೆಳಗುಗಳೆಲ್ಲ ಕಳೆದದ್ದು ಆ ಬೆಂಚಿನ ಇನ್ನೊಂದು ತುದಿಯಲ್ಲಿ. ಬಸ್ಸಿನವರು ಎಸೆದು ಹೋದ ಬಂಡಲು ಬಿಚ್ಚದೆ ಬಿದ್ದಿತ್ತಂತೆ. ಸಾಬ್ರು ಎಲ್ಲಿಗೋ ಹೋಗಿದ್ದಾರೆ, ಬರುತ್ತಾರೆ ಎಂದುಕೊಂಡು ಸೆಲ್ವಣ್ಣ ಅದನ್ನು ದನ ಎಳೆಯದ ಹಾಗೆ ಕಾಯುತ್ತ ಕೂತರು. ಯಾರೋ ಬಂದು ವಿಷಯ ಹೇಳುವ ಹೊತ್ತಿಗೆ ಮಣ್ಣು ಮುಗಿದಿತ್ತು.

ಮಂಗಳವಾರ ಬೆಳಿಗ್ಗೆ ಜಿಯಾರತ್. ಮಣ್ಣಿಗೆ ಬಾರದವರು ಮೂರನೆಯ ದಿನದ ಈ ಪ್ರಾರ್ಥನೆಗಾದರೂ ಬರಲಿ ಎಂಬುದು ಮಗಳ ಆಸೆ. ನಿಧನ ವಾರ್ತೆ ನಾಳೆಯ ಪತ್ರಿಕೆಯಲ್ಲಿ ಬರುತ್ತದೆ ಎಂದು ಊರಿನ ವರದಿಗಾರ ಹೇಳಿದ್ದಾನೆ, ಆದರೆ ಅದರಲ್ಲೂ ಸೈಯದ್ ಇಸ್ಮಾಯಿಲ್ ಎಂದೇ ಇದೆ. ಜೊತೆಗಿರುವ ಫೋಟೋ, ಟೋಪಿಯಿಲ್ಲದೆ, ಬೆದರಿದ ಕಣ್ಣಿನಲ್ಲಿ ತೆಗೆಸಿಕೊಂಡ ಪಾಸ್‌ಪೋರ್ಟ್ ಅಳತೆಯದು, ಮನೆಯವರಿಗೇ ಗುರುತು ಸಿಗುವುದಿಲ್ಲ. ಬಂಡಲ್ ಎಂದು ಹಾಕಿಸಿದರೆ ಮನೆಯಲ್ಲಿ ಯಾರಿಗೂ ಬೇಸರವಿಲ್ಲವೇ ಎಂದು ವಿಚಾರಿಸಿದೆ. “ಅಬ್ಬಾನೇ ಫೋನೆತ್ತಿದ್ರೆ ಬಂಡಲ್ ಸಾಬ್ ಅಂತ್ಲೇ ಹೇಳ್ತಿದ್ರು” ಎಂದಳು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಮುಖ್ಯ ಉಪಸಂಪಾದಕರು ಒಂದು ನಿಧನ ವಾರ್ತೆಯನ್ನು ನನ್ನ ಮೇಜಿನ ಮೇಲೆ ಹಾಕಿ, “ಸತ್ತೋರು ಯಾರು ಅಂತ ಸತ್ತೋರಿಗೆ ಬಿಟ್ಟು ಇನ್ಯಾರಿಗೂ ಗೊತ್ತಾಗದ ಹಂಗೆ ಬರ್ದಿದೀಯಲ್ಲ ಮಾರಾಯ” ಎಂದಿದ್ದರು. ಅಂದಿನಿಂದ ನಮ್ಮ ಡೆಸ್ಕಿನಲ್ಲಿ ಊರು ಕರೆಯುವ ಹೆಸರು ಕಾಗದದ ಹೆಸರಿನ ಪಕ್ಕದಲ್ಲೇ ಅಚ್ಚಾಗುತ್ತಿತ್ತು. ನಾನು ನಿವೃತ್ತನಾದ ಮೇಲೆ ಆ ಪದ್ಧತಿ ಯಾವಾಗಲೋ ನಿಂತಿದೆ. ಡೆಸ್ಕಿಗೆ ಫೋನು ಮಾಡಿದೆ. ಆ ಪುಟ ನೋಡಿಕೊಳ್ಳುವ ಸಹನಾ ಎಲ್ಲವನ್ನೂ ವಿನಯದಿಂದ ಕೇಳಿಸಿಕೊಂಡು, ವಿನಯದಿಂದಲೇ ಬಾಗಿಲು ಹಾಕಿದಳು.

“ಹೆಸರಿನ ತಿದ್ದುಪಡಿ ಫೋನಲ್ಲಿ ತಗೊಳ್ಳೋ ಹಂಗಿಲ್ಲ ಸಾರ್. ಬರವಣಿಗೇಲಿ, ಮೇಲ್‌ನಲ್ಲೇ ಬರ್ಬೇಕು. ನೀವೇ ಮಾಡಿದ್ ರೂಲ್ ಅಂತೆ. ಕತ್ತಲಾಗೋದ್ರೊಳಗೆ ಪುಟ ಹೋಗುತ್ತೆ.”

ರೂಲು ನನ್ನದೇ ಎಂಬುದು ನಿಜ, ಅದನ್ನು ಮಾಡಿದಾಗ ಕೂತಲ್ಲಿಂದ ಎದ್ದು ಭಾಷಣವನ್ನೂ ಮಾಡಿದ್ದೆನೆಂದು ನೆನಪು. ಸಾಬ್ರು ಬಂಡಲು ಹೇರಿದ ಸೈಕಲ್ಲಿಗೆ ಒರಗಿ ನಗುತ್ತಿರುವ ಒಂದು ಒಳ್ಳೆಯ ಚಿತ್ರ, ನಮ್ಮ ಛಾಯಾಗ್ರಾಹಕರು ಹಿಂದೆಂದೋ ತೆಗೆದದ್ದು, ನನ್ನ ಕಂಪ್ಯೂಟರಿನಲ್ಲಿತ್ತು. ಅದಕ್ಕೊಂದು ಪತ್ರ ಲಗತ್ತಿಸಿ ಕಳಿಸಿದರಾಯಿತು ಎಂದು ಕೂತೆ. ತಾಣ ತೆರೆಯಲಿಲ್ಲ. ಇನ್ನೊಂದು ತಾಣವೂ ತೆರೆಯಲಿಲ್ಲ. ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು ಕೇಳಿದೆ. ತಾತ್ಕಾಲಿಕ ವೈಫಲ್ಯ ಎಂದಿತು.

ಮನೆಯಲ್ಲಿದ್ದ ಒಂದೇ ಸ್ಮಾರ್ಟ್ ಫೋನು ನನ್ನಾಕೆಯದು. ಅದು ಅವಳೊಂದಿಗೆ ಗಾಜನೂರಿನ ನಾದಿನಿಯ ಮನೆಗೆ ಹೋಗಿತ್ತು. ನನ್ನದು ಗುಂಡಿ ಒತ್ತುವ ಫೋನು, ಅದರ ಬಗ್ಗೆ ನನಗೆ ಕಾರಣವಿಲ್ಲದ ಹೆಮ್ಮೆ. ಬೀದಿ ಕೊನೆಯ ಜೆರಾಕ್ಸ್ ಅಂಗಡಿ ಭಾನುವಾರವೆಂದು ಶಟರ್ ಎಳೆದಿತ್ತು. ಪಕ್ಕದ ಮನೆಯವರನ್ನು ಕೇಳಬಹುದಿತ್ತು, ಆದರೆ ನನ್ನ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಏನೂ ಕೆಡುವುದೇ ಇಲ್ಲವೆಂದು ಅವರ ಮುಂದೆ ನಾನು ಎಷ್ಟು ಕೊಚ್ಚಿಕೊಂಡಿದ್ದೆನೆಂದರೆ, ಅವರ ಗೇಟಿನವರೆಗೆ ಹೋದ ಕಾಲು ತಾನಾಗಿಯೇ ಹಿಂದಕ್ಕೆ ತಿರುಗಿತು.

ಪತ್ರಿಕೆಯಲ್ಲಿ ಕಲಿತ ಶಿಸ್ತು ಇಂಥ ಸಮಯದಲ್ಲಿ ಸ್ವಲ್ಪ ಉಪಯೋಗಕ್ಕೆ ಬರುತ್ತದೆ: ಯಾವುದು ಖಚಿತ, ಯಾವುದು ಊಹೆ ಎಂದು ಮೊದಲು ಬೇರ್ಪಡಿಸಿಕೊಳ್ಳುವುದು. ವೈರು ಸರಿಯಾಗಿದೆಯೇ? ದೀಪ ಹಸಿರಾಗಿತ್ತು. ಹೊರಗಿನ ಲೋಕ ತಲುಪುತ್ತಿದೆಯೇ? ಪಿಂಗ್ ಎಂಬ ಆಜ್ಞೆಯಿದೆ. ದೂರದ ಯಂತ್ರವೊಂದನ್ನು ಇದ್ದೀಯಾ ಎಂದು ಕೂಗುತ್ತದೆ, ಅದು ಓ ಎನ್ನುತ್ತದೆ. ಸಂಖ್ಯೆ ಕೊಟ್ಟು ಕೂಗಿದೆ, ತಕ್ಷಣ ಓಗೊಟ್ಟಿತು. ಅದೇ ಯಂತ್ರವನ್ನು ಹೆಸರು ಹಿಡಿದು ಕೂಗಿದೆ, ವೈಫಲ್ಯ. ಅಂದರೆ ದಾರಿ ಇದೆ, ಮನೆ ಇದೆ, ಮನೆಯಲ್ಲಿ ಜನರೂ ಇದ್ದಾರೆ; ಹೆಸರು ಹೇಳಿದರೆ ಮನೆ ತೋರಿಸುವವರು ಇಲ್ಲ. ಇಷ್ಟು ತಿಳಿದ ಮೇಲೂ ನಾನು ಮಾಡಿದ್ದೇನು ಗೊತ್ತೇ? ಕಂಪ್ಯೂಟರನ್ನು ಆರಿಸಿ ಹೊತ್ತಿಸಿದೆ. ರೌಟರನ್ನೂ ಆರಿಸಿ ಹೊತ್ತಿಸಿದೆ. ಮಗುವಿಗೆ ದೃಷ್ಟಿಯಾಗಿದೆಯೆಂದು ಮೆಣಸಿನಕಾಯಿ ನಿವಾಳಿಸುವವರಿಗಿಂತ ನಾನು ಯಾವ ವಿಧದಲ್ಲೂ ಮುಂದೆ ಇರಲಿಲ್ಲ. ಕಿಟಕಿಯ ಬಿಸಿಲು ಮೇಜು ಬಿಟ್ಟು ಗೋಡೆ ಹತ್ತಿತು.

ಕೈ ಸೋತು ಕೂತಾಗ ಕಣ್ಣ ಮುಂದೆ ಬಂದದ್ದು ಸೆಲ್ವಣ್ಣ, ಬಿಚ್ಚದ ಬಂಡಲಿನ ಪಕ್ಕದಲ್ಲಿ ಕೂತು, ಸತ್ತವರು ಯಾರೆಂದು ಸತ್ತವರನ್ನೇ ಕೇಳಲು ಕಾಯುತ್ತಿರುವುದು. ನನ್ನ ಕಂಪ್ಯೂಟರು ಈಗ ಯಾರನ್ನು ಕೇಳುತ್ತ ಕೂತಿದೆ?

ಅದನ್ನು ತಿಳಿಸುವ ಒಂದು ಪುಟ್ಟ ಕಡತ ಈ ವ್ಯವಸ್ಥೆಯಲ್ಲಿದೆ. ಹೆಸರು ತಿಳಿಯದಿದ್ದರೆ ಇಂಥವರನ್ನು ಕೇಳು ಎಂದು ಅದರಲ್ಲಿ ಬರೆದಿರುತ್ತದೆ. ತೆರೆದೆ. ಒಂದೇ ಸಾಲು, ಹಳೆಯ ರೌಟರಿನ ವಿಳಾಸ. ಬಾಗಿಲ ಪಕ್ಕದ ರಟ್ಟಿನ ಪೆಟ್ಟಿಗೆಯ ಕಡೆಗೆ ತಿರುಗಿ ನೋಡಿದೆ. ಬೆಳಿಗ್ಗೆಯಿಂದ ನನ್ನ ಯಂತ್ರ, ವೈರು ಸುತ್ತಿಕೊಂಡು ಮಲಗಿರುವ ಆ ಹಿರಿಯರನ್ನೇ ಪ್ರತಿಯೊಂದು ಹೆಸರನ್ನೂ ಕೇಳಿ, ಉತ್ತರಕ್ಕೆ ಕಾದು, ಸಭ್ಯವಾಗಿ ಸೋಲೊಪ್ಪಿಕೊಳ್ಳುತ್ತಿತ್ತು. ಹೊಸ ರೌಟರು ಬಂದಾಗ ಈ ಸಾಲು ತಾನಾಗಿಯೇ ಬದಲಾಗಬೇಕು. ಆಗದಿದ್ದುದಕ್ಕೆ ಕಾರಣ, ನಾನು ಒಪ್ಪಿಗೆ ಕೊಟ್ಟ ಪುಟವನ್ನು ಬೇರೆಯವರು ಮುಟ್ಟಬಾರದೆಂಬ ಡೆಸ್ಕಿನ ಹಳೆಯ ಹಟದಲ್ಲಿ, ಆ ಸಾಲನ್ನು ಸ್ವಂತ ಕೈಯಿಂದ ಬರೆದು, ಯಾವ ತಂತ್ರಾಂಶವೂ ತಿದ್ದದಂತೆ ಕಡತಕ್ಕೆ ನಾನು ಬೀಗ ಜಡಿದಿದ್ದುದು. ಸಹನಾ ಹೇಳಿದ ರೂಲಿನ ಹಾಗೆ ಇದೂ ನನ್ನದೇ.

ಬೀಗ ತೆಗೆದೆ. ಹೊಸ ರೌಟರಿನ ವಿಳಾಸವನ್ನು ವ್ಯವಸ್ಥೆಯಿಂದಲೇ ಕೇಳಿ ತಿಳಿದು ಬರೆದೆ. ಹೆಸರು ಹಿಡಿದು ಕೂಗಿದೆ, ಓಗೊಟ್ಟಿತು. ಪತ್ರದಲ್ಲಿ ಒಂದೇ ಒಂದು ವಾಕ್ಯ ಬರೆದೆ, ಚಿತ್ರ ಲಗತ್ತಿಸಿದೆ, ಕಳಿಸಿದೆ. ತುಳಸಿಕಟ್ಟೆಗೆ ದೀಪ ಇಡಬೇಕಾದ ಹೊತ್ತು. ಸಹನಾ ಫೋನು ಮಾಡಿ, “ಬಂತು ಸಾರ್. ಇವ್ರಾ? ನಮ್ಮಪ್ಪಂಗೆ ಇವ್ರೇ ಪೇಪರ್ ಕೊಡ್ತಿದ್ದಿದ್ದು” ಎಂದಳು. ಆಮೇಲೆ, ಆ ಪುಟವನ್ನು ಸ್ವಲ್ಪ ಹಿಡಿದಿಟ್ಟಿದ್ದೆ ಎಂದಳು. ಅದು ರೂಲಿಗೆ ವಿರುದ್ಧ; ನಾನು ಥ್ಯಾಂಕ್ಸ್ ಹೇಳಿ ಫೋನಿಟ್ಟೆ.

ಮಂಗಳವಾರ ಖಾಸಗಿ ಬಸ್ಸು ಹಿಡಿದು ಭದ್ರಾವತಿಗೆ ಹೋದೆ. ಹಳೇನಗರದಲ್ಲಿ ಸಾಬ್ರ ಮನೆಯ ಓಣಿಯ ಬಾಯಲ್ಲೇ ಚಪ್ಪಲಿಗಳು ಶುರುವಾಗಿದ್ದವು. ಹಿಂದಿನ ದಿನದ ಪತ್ರಿಕೆಯನ್ನು ಮಡಿಸಿ ಜೇಬಿನಲ್ಲಿ, ಕಂಕುಳಲ್ಲಿ ಇಟ್ಟುಕೊಂಡು ಜನ ನಿಂತಿದ್ದರು. ಡಬಲ್ ಓಟಿ ರಾಮರಾಯರು ಮೊಮ್ಮಗಳ ತೋಳು ಹಿಡಿದು ಬಂದಿದ್ದರು. ಫರ್ನೆಸ್ ಪೆರುಮಾಳರ ಮನೆಯವರು, ಟೀ ಮುಗಿಸಿ ಎದ್ದು ಹೋದವರು, ಎಲ್ಲರೂ. “ಇವ್ರ ಹೆಸ್ರು ಇಸ್ಮಾಯಿಲ್ ಅಂತೆ” ಎಂದು ಒಬ್ಬರು ಇನ್ನೊಬ್ಬರಿಗೆ, ಹೊಸ ಸುದ್ದಿಯೆಂಬಂತೆ, ಮೆಲ್ಲಗೆ ಹೇಳುತ್ತಿದ್ದರು. ನಸೀಮಾ ಬಾಗಿಲ ಒಳಗಿನಿಂದ ಓಣಿಯ ಕೊನೆಯವರೆಗೆ ನೋಡುತ್ತಿದ್ದಳು. ಈಗ ಅಳುತ್ತಿದ್ದಳು.

ಪ್ರಾರ್ಥನೆ ಮುಗಿಸಿ ಹೊರಟಾಗ ಗೇಟ್ ಮೇಷ್ಟ್ರನ್ನು ನೋಡಿಕೊಂಡು ಹೋಗೋಣ ಎನಿಸಿತು. ಅವರಿಗೆ ಮೈ ಹುಷಾರಿಲ್ಲ, ಬಂದಿರಲಿಲ್ಲ. ಮನೆ ಬದಲಾಯಿಸಿದ್ದಾರೆಂದು ಮಾತ್ರ ಗೊತ್ತಿತ್ತು. ಯೋಚಿಸುವುದಕ್ಕೆ ಮೊದಲೇ ಕಾಲು ನನ್ನನ್ನು ಬಾದಾಮಿ ಮರದ ಕೆಳಗೆ ತಂದು ನಿಲ್ಲಿಸಿತ್ತು. ನಿಂತ ಮೇಲೆ, ನಾನು ಮತ್ತೆ ಯಾರನ್ನು ಕೇಳಲು ಬಂದೆನೆಂದು ತಿಳಿದು, ತಿರುಗಿ ಹೊರಡುವವನಿದ್ದೆ. ಬೆಂಚಿನ ಇನ್ನೊಂದು ತುದಿಯಲ್ಲಿ ಸೆಲ್ವಣ್ಣ ಕೂತಿದ್ದರು. ಅಂದಿನ ಪತ್ರಿಕೆಗಳ ಬಂಡಲು ಬಿಚ್ಚಿ ಹರಡಿತ್ತು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿತ್ತು. ತಲೆಯೆತ್ತದೆ, “ಯಾರ್ ಮನೆ ಸಾರ್?” ಎಂದರು.

ಹೇಳಿದೆ. ಸ್ವಲ್ಪ ಯೋಚಿಸಿ, ಬೀಡಾ ಅಂಗಡಿಯವರನ್ನು ಒಂದು ಮಾತು ಕೇಳಿ, ಸೇತುವೆ ದಾಟಿ ಎಡಕ್ಕೆ ಎಂದರು.

ನನ್ನ ಕಡತಕ್ಕೆ ಆಮೇಲೆ ಬೀಗ ಹಾಕಿಲ್ಲ. ಯಂತ್ರ ಈಗಲೂ ಒಮ್ಮೊಮ್ಮೆ ಆ ಸಭ್ಯ ವಾಕ್ಯವನ್ನು ಹೇಳುತ್ತದೆ. ‘ತಾತ್ಕಾಲಿಕ’ ಎಂಬ ಪದದ ಮೇಲೆ ಕೆಂಪು ಗೆರೆ ಎಳೆಯಬೇಕೆಂದು ಈಚೆಗೆ ನನಗೆ ಅನಿಸಿಲ್ಲ.