ಹಿಲ್ಡಾ ಟೀಚರ ಸಿಟ್ಟು

ವೇದಿಕೆಯ ಮೇಲೆ ಶಾಲು ಬಂತು ಎಂದರೆ ಹಿಲ್ಡಾ ಟೀಚರ್ ಎದ್ದು ಹೊರಡುತ್ತಿದ್ದರು. ಬಹರೈನಿನಲ್ಲಿ ನಮ್ಮ ಕರಾವಳಿಯವರ ಯಾವ ಸಮಾರಂಭವೂ ಸನ್ಮಾನವಿಲ್ಲದೆ ಮುಗಿಯುವುದಿಲ್ಲ. ಹಾಡಿದವರಿಗೆ ಶಾಲು, ಹಾಡಿಸಿದವರಿಗೆ ಶಾಲು, ಹಾಲ್ ಕೊಡಿಸಿದವರಿಗೆ ಹಣ್ಣಿನ ಬುಟ್ಟಿ, ಕಳೆದ ವರ್ಷ ಸನ್ಮಾನ ಮಾಡಿದವರಿಗೆ ಈ ವರ್ಷ ಸನ್ಮಾನ. ಮೊದಲ ಶಾಲಿನ ಪ್ಲಾಸ್ಟಿಕ್ ಚೀಲ ಪರಪರ ಎಂದದ್ದೇ ತಡ, ಟೀಚರ್ ಎದ್ದು, ಸೀರೆಯ ನೆರಿಗೆ ಕೊಡವಿ, ಎಲ್ಲರಿಗೂ ಕಾಣುವಂತೆ ನಡುದಾರಿಯಲ್ಲೇ ನಡೆದುಹೋಗುತ್ತಿದ್ದರು. ಬದಿಯಿಂದ ನುಸುಳುವ ಜಾಯಮಾನ ಅವರದಲ್ಲ. "ಊಟಕ್ಕೆ ಕರೀರಿ, ಆಗ ಬರ್ತೇನೆ" ಎಂದು ಬಾಗಿಲಲ್ಲಿ ನಿಂತವರಿಗೆ ಹೇಳುತ್ತಿದ್ದರು. ಬರುತ್ತಲೂ ಇದ್ದರು.

ಅವರು ಶಿರ್ವದ ಕಡೆಯವರು. ಇಲ್ಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸಲು ಬಂದವರು ಇಲ್ಲೇ ಕೂದಲು ಬೆಳ್ಳಗಾಗಿಸಿಕೊಂಡರು. ಗಂಡ ಲಾರೆನ್ಸ್ ತೀರಿಕೊಂಡ ಮೇಲೆ ಮಾಹೂಝಿನ ಫ್ಲಾಟಿನಲ್ಲಿ ಒಬ್ಬರೇ ಇದ್ದರು. ಕೆಳಗಿನ ಮಹಡಿಯ ಮನೆ ನಮ್ಮದು. ನಾನು ಕಾರ್ಕಳದವಳು, ಸರಕು ಸಾಗಣೆಯ ಕಂಪನಿಯೊಂದರಲ್ಲಿ ಲೆಕ್ಕ ನೋಡುವವಳು. ಟೀಚರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ನನಗೆ ಅವರ ಬೈಗುಳ ಕೇಳದಿದ್ದರೆ ವಾರ ಮುಗಿದಂತೆ ಅನಿಸುತ್ತಿರಲಿಲ್ಲ. ಹೀಗಾಗಿ ಅವರು ಹೋದಲ್ಲೆಲ್ಲ ನಾನೂ ಹೋದೆ.

ಕೋಪ ಮೂಗಿನ ತುದಿಯಲ್ಲಿ ಎಂದು ಎಲ್ಲರೂ ಹೇಳುತ್ತಿದ್ದರು. ಸುಳ್ಳು. ಮೂಗಿನ ತುದಿಯ ಕೋಪ ಒಂದು ಸೀನಿಗೆ ಹೋಗಿಬಿಡುತ್ತದೆ. ಟೀಚರದು ವರ್ಷಗಟ್ಟಲೆ ಬಾಳುವ ಕೋಪ. ಮಗನಿಗೆ ಮಾರ್ಕು ಕಡಿಮೆಯಾಯಿತೆಂದು ಜಗಳಕ್ಕೆ ಬಂದ ಅಪ್ಪನೊಬ್ಬನಿಗೆ, "ಅವನಿಗೆ ಗಣಿತ ಬರ್ತದೆ ಮಾರಾಯ್ರೆ, ನೀವು ನಡುವಿನಲ್ಲಿ ನಿಲ್ಲದಿದ್ರೆ ಆಯ್ತು. ಖಲಾಸ್" ಎಂದಿದ್ದನ್ನು ನಾನೇ ಕೇಳಿದ್ದೇನೆ. ಈ 'ಖಲಾಸ್' ಬಂತೆಂದರೆ ಮಾತು ಮುಗಿಯಿತು, ಮುಂದೆ ದೇವರು ಬಂದರೂ ಇಲ್ಲ.

ಇಲ್ಲಿ ವಾರದ ರಜೆ ಶುಕ್ರವಾರ. ಅಂದಿನ ಪೂಜೆ ಮುಗಿದ ಮೇಲೆ ಇಗರ್ಜಿಯ, ಅಂದರೆ ಚರ್ಚಿನ, ಅಂಗಳದಲ್ಲಿ ನಮ್ಮ ಕೊಂಕಣಿಯವರು ಒಂದು ಕಡೆ, ಮಲಯಾಳಿಗಳು ಒಂದು ಕಡೆ, ಫಿಲಿಪೀನಿನವರು ಒಂದು ಕಡೆ ಗುಂಪಾಗಿ ಚಹಾ ಕುಡಿಯುತ್ತಾರೆ. ಗೋಡೆಯ ಹತ್ತಿರ ಉಗಾಂಡಾದ ಹೆಂಗಸರು ನಿಲ್ಲುತ್ತಾರೆ. ಮನೆಗೆಲಸದವರು, ವಾರಕ್ಕೊಮ್ಮೆ ಹೊರಗೆ ಬಿಟ್ಟರೆ ಅದೇ ಭಾಗ್ಯ. ಟೀಚರ್ ಚಹಾದ ಲೋಟ ಹಿಡಿದು ಸೀದಾ ಅವರ ಹತ್ತಿರ ಹೋಗುತ್ತಿದ್ದರು. "ಹೆಸರು ಕೇಳು ಶೋಭಾ. ಫ್ಲಾರೆನ್ಸ್, ಐರಿನ್. ಶಿರ್ವದ ಇಗರ್ಜಿಯಲ್ಲಿ ಕೂಗಿದ್ರೆ ಅರ್ಧ ಜನ ತಿರುಗಿ ನೋಡ್ತಾರೆ" ಎನ್ನುತ್ತಿದ್ದರು.

ಆ ಹೆಂಗಸರ ಕತೆ ಬೇರೆ ಬೇರೆ, ಕೊನೆ ಒಂದೇ. ಏಳನೆಯ ತರಗತಿಯ ಪರೀಕ್ಷೆಯಲ್ಲಿ ಮಗಳು ಒಳ್ಳೆಯ ಅಂಕ ಪಡೆದಿದ್ದಾಳೆ, ಪ್ರೌಢಶಾಲೆ ಅವಳನ್ನು ಕರೆದಿದೆ, ಫೀಸಿಗೆ ದಾರಿಯಿಲ್ಲ. ಶಾಲೆ ತೆರೆದು ಒಂದೆರಡು ವಾರದಲ್ಲಿ ಹೋಗದಿದ್ದರೆ ಆ ಜಾಗ ಬೇರೆಯವರಿಗೆ. ಅಂಥ ಹುಡುಗಿಯರನ್ನು ಓದಿಸಲು ಅಲ್ಲಿಯ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಪುಟ್ಟದೊಂದು ಟ್ರಸ್ಟ್ ನಡೆಸುತ್ತಿದ್ದರು. ಟೀಚರ್ ಅವರನ್ನು ಫೋನಿನಲ್ಲೇ ಪರೀಕ್ಷೆ ಮಾಡಿ, ಪಾಸು ಮಾಡಿ, ಕೆಲಸಕ್ಕೆ ಇಳಿದರು. ಪರವಾನಗಿ ಇಲ್ಲದೆ ಇಲ್ಲಿ ಚಂದಾ ಎತ್ತುವಂತಿಲ್ಲ, ಟೀಚರ್ ಎತ್ತಲೂ ಇಲ್ಲ. ಒಂದು ಕುಟುಂಬ ಒಂದು ಮಗುವಿನ ಫೀಸನ್ನು ನೇರವಾಗಿ ಟ್ರಸ್ಟಿಗೆ ಕಳಿಸಬೇಕು, ಶಾಲೆ ಮುಗಿಯುವವರೆಗೂ ಕೈಬಿಡಬಾರದು, ಅಷ್ಟೆ.

ಅದಕ್ಕೆ ಅವರದೊಂದು ಕಟ್ಟಳೆ ಇತ್ತು. ಕೊಡುವವರಿಗೆ ಮಗು ಯಾರೆಂದು ಗೊತ್ತಾಗಬಾರದು, ಮಗುವಿಗೆ ಕೊಡುವವರು ಯಾರೆಂದು ಗೊತ್ತಾಗಬಾರದು. ಫೋಟೋ ಇಲ್ಲ, ವಿಡಿಯೋ ಇಲ್ಲ, ಥ್ಯಾಂಕ್ಯೂ ಕಾರ್ಡ್ ಇಲ್ಲ. "ಗೊತ್ತಾದ್ರೆ ಮಗು ಓದುದಿಲ್ಲ, ಥ್ಯಾಂಕ್ಸ್ ಹೇಳ್ತಾ ಕೂತ್ಕೊಳ್ತದೆ" ಎನ್ನುತ್ತಿದ್ದರು. ನಮ್ಮವರು ಇದರಿಂದ ಬಹಳ ನೊಂದುಕೊಂಡರು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಮೈಕಿನಲ್ಲಿ ಹೇಳುವವರೇ, "ಒಂದು ಗ್ರೂಪ್ ಫೋಟೋವಾದ್ರೂ?" ಎಂದು ಕೇಳಿದರು. "ನಮ್ಮ ಊರಲ್ಲಿ ಬಡವರಿಲ್ವಾ ಟೀಚರ್, ಆಫ್ರಿಕಾದವರೇ ಆಗ್ಬೇಕಾ?" ಎಂದವರೂ ಇದ್ದರು. "ಉಂಟಲ್ಲ! ನಿಮ್ಮ ಊರಿನ ಯಾವ ಮಗುವನ್ನು ಓದಿಸ್ತಾ ಇದ್ದೀರಿ, ಹೆಸರು ಹೇಳಿ" ಎಂದು ಟೀಚರ್ ಅವರ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಹೆಸರು ಹೇಳಿದವರನ್ನು ನಾನು ನೋಡಿಲ್ಲ.

ಆ ಕಟ್ಟಳೆಯನ್ನು ಟೀಚರ್ ಒಂದೇ ಒಂದು ಸಲ ಮುರಿದರು, ಫ್ಲಾರೆನ್ಸಿನ ಮಗಳು ಡೋರೀನಿಗಾಗಿ. ಫ್ಲಾರೆನ್ಸ್ ಕೆಲಸಕ್ಕಿದ್ದದ್ದು ರಿಫಾದಲ್ಲಿ, ನಮ್ಮ ಸಂಘದ ಹಿರಿಯರಾದ ಸುಧಾಕರಣ್ಣ ಮತ್ತು ಅವರ ಹೆಂಡತಿ ವನಿತಾ ಅವರ ವಿಲ್ಲಾದಲ್ಲಿ. ಆ ವರ್ಷ ಒಪ್ಪಿಕೊಂಡಿದ್ದ ಕುಟುಂಬವೊಂದು ಕೆಲಸ ಹೋಗಿ ಊರಿಗೆ ಮರಳಿತ್ತು. ಡೋರೀನಿಗೆ ಯಾರೂ ಇರಲಿಲ್ಲ, ಶಾಲೆ ತೆರೆಯಲು ಮೂರು ದಿನವಿತ್ತು. ವನಿತಾ, "ನಾವು ಕೊಡ್ತೇವೆ, ಆದ್ರೆ ನಮ್ಮ ಫ್ಲಾರೆನ್ಸಿನ ಮಗಳಿಗೆ ಮಾತ್ರ. ಗುರುತಿಲ್ಲದವರಿಗೆ ಯಾಕೆ?" ಎಂದರು. ಟೀಚರ್ ಒಂದು ರಾತ್ರಿ ಯೋಚಿಸಿ ಒಪ್ಪಿದರು. ಶಾಲೆಗೆ ತರಬೇಕಾದ ಸಾಮಾನಿನ ಪಟ್ಟಿ ಬಂದಾಗ ನನಗೆ ಗಟ್ಟಿಯಾಗಿ ಓದಿ ಹೇಳಿದರು: ಹಾಸಿಗೆ, ತಗಡಿನ ಟ್ರಂಕು, ಗುಡಿಸಲು ಹಿಡಿಸೂಡಿ, ಹಾರೆ. "ನಮ್ಮ ಬೋರ್ಡಿಂಗಿನದ್ದೇ ಪಟ್ಟಿ ಮಾರಾಯ್ತಿ!" ಎಂದು ಅಂದು ಅವರು ನಕ್ಕ ನಗು ಅಪರೂಪದ್ದು.

ಹುಡುಗಿ ಚೆನ್ನಾಗಿ ಓದಿದಳು. ಇಲ್ಲಿ ಅವಳ ತಾಯಿಯ ಸ್ಥಿತಿ ಬೇರೆಯಾಯಿತು. ರಿಫಾದ ಮನೆಯಲ್ಲಿ ಅತಿಥಿಗಳು ಬಂದಾಗಲೆಲ್ಲ ವನಿತಾ ಅಡುಗೆಮನೆಯ ಕಡೆ ತಿರುಗಿ, "ಫ್ಲಾರೆನ್ಸ್, ಕಮ್, ಡೋರೀನ್ ಫೋಟೋ ತೋರಿಸು" ಎನ್ನುತ್ತಿದ್ದರು. ಫ್ಲಾರೆನ್ಸ್ ಒದ್ದೆ ಕೈ ಒರೆಸಿಕೊಂಡು ಬಂದು ಮೊಬೈಲಿನಲ್ಲಿ ಮಗಳನ್ನು ತೋರಿಸಬೇಕು. ಬಂದವರು "ವನಿತಕ್ಕನ ಮನಸ್ಸು ದೊಡ್ಡದು" ಎಂದು ಹೇಳಿ ಮತ್ತೊಂದು ಗೋಳಿಬಜೆ ತೆಗೆದುಕೊಳ್ಳಬೇಕು. ಆಮೇಲೆ ಶುಕ್ರವಾರದ ರಜೆ ತಿಂಗಳಿಗೊಂದಾಯಿತು, ಬಳಿಕ ಅದೂ ಇಲ್ಲ. ಇಷ್ಟು ಮಾಡಿದವರಿಗೆ ಒಂದು ಶುಕ್ರವಾರ ಬಿಟ್ಟುಕೊಡಲಾಗದೇ ಎಂಬುದು ಅವರ ಲೆಕ್ಕ. ನನಗೆ ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಎರಡು ವರ್ಷದ ಕಾಂಟ್ರಾಕ್ಟ್ ಮುಗಿದಾಗ ಫ್ಲಾರೆನ್ಸ್ ಟೀಚರಿಗೆ ಫೋನ್ ಮಾಡಿದಳು. ಅವಳ ಮಗಳ ಶಾಲೆಯಲ್ಲಿ ಹೆತ್ತವರು ಬಂದು ಹೋಗುವ ದಿನವೊಂದಿರುತ್ತದೆ. ಅಮ್ಮಂದಿರು ಅಡುಗೆ ಮಾಡಿ ತಂದು, ಮರದ ಕೆಳಗೆ ಚಾಪೆ ಹಾಸಿ ಮಕ್ಕಳಿಗೆ ಉಣಿಸುತ್ತಾರೆ. ಯಾರೂ ಬರದ ಹುಡುಗಿಯರು ಹಾಸ್ಟೆಲಿನ ಒಳಗೇ ಕೂರುತ್ತಾರೆ. ಡೋರೀನ್ ಎರಡು ವರ್ಷವೂ ಒಳಗೆ ಕೂತಿದ್ದಳು. ಈ ಸಲವಾದರೂ ಹೋಗಬೇಕು, ರಜೆ ನನ್ನ ಹಕ್ಕಿನದ್ದೇ, ಮೇಡಂ ಪಾಸ್‌ಪೋರ್ಟ್ ಕೊಡುತ್ತಿಲ್ಲ ಎಂದಳು.

"ಕಾರು ತೆಗಿ" ಎಂದರು ಟೀಚರ್, ನಮ್ಮ ಬಾಗಿಲಲ್ಲಿ ನಿಂತು.

ರಿಫಾದ ಆ ಮನೆಯ ಹಾಲ್‌ನಲ್ಲಿ ಸುಧಾಕರಣ್ಣ ಟಿವಿ ನೋಡುತ್ತಿದ್ದರು. ವನಿತಾ ಮುಖ ಅರಳಿಸಿ, "ಓ ಟೀಚರ್! ಕೂತ್ಕೊಳ್ಳಿ, ಚಾ ತರಿಸ್ತೇನೆ" ಎಂದರು.

"ಕೂತ್ಕೊಳ್ಳಿಕ್ಕೆ ಬಂದದ್ದಲ್ಲ. ಫ್ಲಾರೆನ್ಸಿಗೆ ರಜೆ ಯಾವಾಗ ಕೊಡುದು?"

"ಈಗ ಹೇಗಾಗ್ತದೆ ಟೀಚರ್? ನಾದಿನಿ ಫ್ಯಾಮಿಲಿ ಬರ್ಲಿಕ್ಕುಂಟು. ಮತ್ತೆ, ಹೋದವಳು ವಾಪಸ್ ಬರ್ತಾಳೆ ಅಂತ ಎಂತ ಗ್ಯಾರಂಟಿ? ಮಗಳ ಶಾಲೆ ಮುಗಿಯುವವರೆಗೆ ಇಲ್ಲೇ ಇರ್ಲಿ ಅಂತ ನಾವು ಹೇಳಿದ್ದು. ಓದಿಸುದು ನಾವಲ್ವಾ? ಅವಳೂ ಒಪ್ಪಿದ್ದಾಳೆ." ಅವರು ಚಹಾದ ಟ್ರೇ ಹಿಡಿದು ಬಂದ ಫ್ಲಾರೆನ್ಸಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು, "ಒಪ್ಪಿದ್ದೀಯಲ್ಲ?"

ಫ್ಲಾರೆನ್ಸ್ ಟ್ರೇಯನ್ನು ನೋಡುತ್ತಾ "ಯೆಸ್ ಮೇಡಂ" ಎಂದಳು.

ಟೀಚರ್ ಬೊಬ್ಬೆ ಹಾಕುತ್ತಾರೆ ಎಂದುಕೊಂಡಿದ್ದೆ. ಅವರ ಧ್ವನಿ ಅಷ್ಟು ತಗ್ಗಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. "ಸುಧಾಕರ್, ನಿಮ್ಮ ಮಗಳನ್ನು ಇಂಗ್ಲೆಂಡಿಗೆ ಕಳಿಸಿದ್ದು ಬ್ಯಾಂಕಿನ ಲೋನಿನಲ್ಲಿ ಅಲ್ವಾ? ಆ ಬ್ಯಾಂಕಿನ ಮ್ಯಾನೇಜರ್ ಬಂದು, 'ಮಗಳ ಓದು ಮುಗಿಯುವವರೆಗೆ ಅವಳ ಅಮ್ಮ ನಮ್ಮ ಮನೆಯಲ್ಲಿ ಪಾತ್ರೆ ತೊಳೀಲಿ' ಅಂತ ಹೇಳಿದ್ನಾ?"

"ಟೀಚರ್, ಮಾತು ಜಾಸ್ತಿ ಆಯ್ತು" ಎಂದರು ಸುಧಾಕರಣ್ಣ, ಟಿವಿಯ ಸದ್ದು ಕಡಿಮೆ ಮಾಡಿ.

"ಮಾತು ಕಡಿಮೆ ಆದದ್ದು. ನಾನು ಎರಡು ವರ್ಷ ಮೊದಲೇ ಬರ್ಬೇಕಿತ್ತು. ಇವತ್ತಿನಿಂದ ಆ ಮಗುವಿಗೆ ನೀವು ಒಂದು ಪೆನ್ಸಿಲ್ ಸಹ ಕೊಡ್ಲಿಕ್ಕಿಲ್ಲ."

"ಹಾಗಾದ್ರೆ ಯಾರು ಕೊಡ್ತಾರೆ?" ವನಿತಾ ಅವರ ದನಿ ಏರಿತು. "ನೀವಾ?"

"ಯಾರು ಅಂತ ನಿಮ್ಗೆ ಗೊತ್ತಾಗ್ಬಾರ್ದು. ಪಾಸ್‌ಪೋರ್ಟ್ ತನ್ನಿ. ಇಲ್ಲದಿದ್ರೆ ನಾಳೆ ಬೆಳಿಗ್ಗೆ ನಾವು ಮೂರು ಜನ ಲೇಬರ್ ಆಫೀಸಿನ ಬಾಗಿಲಲ್ಲಿ ಇರ್ತೇವೆ. ಖಲಾಸ್."

ಸುಧಾಕರಣ್ಣ ಎದ್ದು ಒಳಗೆ ಹೋದರು. ಅಲ್ಮೇರಾದ ಬೀಗದ ಸದ್ದು ಕೇಳಿಸಿತು. ಪಾಸ್‌ಪೋರ್ಟನ್ನು ಅವರು ಟೀಚರ ಕಡೆ ಚಾಚಿದರು. ಟೀಚರ್ ಮುಟ್ಟಲಿಲ್ಲ, "ಅವಳದ್ದು, ಅವಳಿಗೆ ಕೊಡಿ" ಎಂದರು.

ವಾಪಸ್ ಬರುವಾಗ ಕಾರಿನಲ್ಲಿ ಟೀಚರ್ ತಾವಾಗಿಯೇ ಹೇಳಿದರು. ಸಣ್ಣವರಿದ್ದಾಗ ಅವರು ಓದಿದ್ದೂ ಹೀಗೆ ಒಬ್ಬ ಧಣಿಯ ಹಣದಲ್ಲಿ. ಪ್ರತಿ ವರ್ಷ ಶಾಲೆಯ ಹಬ್ಬದ ದಿನ ಅಂಥ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಧಣಿಗಳ ಹೆಸರು ಹಿಡಿದು ಥ್ಯಾಂಕ್ಸ್ ಹೇಳಿಸುತ್ತಿದ್ದರು. ಧಣಿಯ ಮಗಳು ಅವರ ಕ್ಲಾಸಿನಲ್ಲೇ ಇದ್ದಳು. "ಅವಳಿಗಿಂತ ಜಾಸ್ತಿ ಮಾರ್ಕು ತೆಗೀಲಿಕ್ಕೆ ನನಗೆ ಹೆದರಿಕೆ ಆಗ್ತಿತ್ತು ಶೋಭಾ. ಬರುವ ಉತ್ತರವನ್ನು ಬರೀದೆ ಬಿಟ್ಟಿದ್ದೇನೆ. ಗಣಿತದಲ್ಲಿ!" ಎಂದು ಕಿಟಕಿಯ ಕಡೆ ತಿರುಗಿದರು.

ಫ್ಲಾರೆನ್ಸ್ ಊರಿಗೆ ಹೋದಳು. ಡೋರೀನಿನ ಫೀಸಿನ ಹೊರೆಯನ್ನು ಟೀಚರ್ ತಮ್ಮ ಮೇಲೆ ಹಾಕಿಕೊಂಡರು ಎಂದು ನಾನು ಊಹಿಸಿದೆ, ಕೇಳಲಿಲ್ಲ. ಹೆತ್ತವರ ದಿನ ಮುಗಿದ ಸಂಜೆ ಫ್ಲಾರೆನ್ಸಿನ ಧ್ವನಿ ಸಂದೇಶವೊಂದು ಬಂತು. ಕೋಳಿಯನ್ನೂ ಬಾಳೆಕಾಯಿಯನ್ನೂ ಬೇಯಿಸಿ ಒಯ್ದಿದ್ದಳಂತೆ. ಮಗಳು ಎತ್ತರವಾಗಿದ್ದಾಳೆ, ಮೊದಲು ಗುರುತು ಸಿಗಲಿಲ್ಲ ಎನ್ನುವಾಗ ಅವಳ ದನಿ ಒಡೆಯಿತು. ನಾನು ಅತ್ತೆ. ಟೀಚರ್ ನನ್ನನ್ನೇ ಗದರಿದರು:

"ಅಳ್ಳಿಕ್ಕೆ ಎಂತ ಉಂಟು? ಒಬ್ಬಳು ಅಮ್ಮ ತನ್ನ ಮಗಳಿಗೆ ಊಟ ಕೊಟ್ಟದ್ದು. ಅದೊಂದು ಸುದ್ದಿಯಾ? ಅದು ಸುದ್ದಿ ಆಯ್ತಲ್ಲ, ಅದಕ್ಕೆ ಸಿಟ್ಟು ಬರ್ಬೇಕು ನಿನಗೆ."

ಶಾಲೆಯಿಂದ ಮುಂದಿನ ವರ್ಷದ ಕಾಂಟ್ರಾಕ್ಟ್ ಟೀಚರಿಗೆ ಬರಲಿಲ್ಲ. ವಯಸ್ಸಾಯಿತು ಎಂದರಂತೆ. ವಯಸ್ಸು ಹಿಂದಿನ ವರ್ಷವೂ ಆಗಿತ್ತು. ಯಾರ ಮಾತು ಎಲ್ಲಿಗೆ ಮುಟ್ಟಿತೋ ನಾನು ಹೇಳಲಾರೆ, ಆದರೆ ಅದೇ ತಿಂಗಳಲ್ಲಿ ಮೂರ್ನಾಲ್ಕು ಕುಟುಂಬಗಳು "ಈ ಸಲ ಕಷ್ಟ ಶೋಭಾ" ಎಂದು ಕೈಬಿಟ್ಟವು. ಕೆಲಸವಿಲ್ಲದೆ ಇಲ್ಲಿ ವೀಸಾ ಇಲ್ಲ, ಟೀಚರ್ ಊರಿಗೆ ಹೊರಟರು. ವಿಮಾನ ನಿಲ್ದಾಣಕ್ಕೆ ಅವರನ್ನು ಬಿಟ್ಟದ್ದು ನಾನೇ. ಹುಡುಗಿಯರ ವಿಷಯವನ್ನೆಲ್ಲ ದಾರಿಯುದ್ದಕ್ಕೂ ಪಾಠದಂತೆ ಒಪ್ಪಿಸಿ, ನನ್ನಿಂದ ವಾಪಸ್ ಹೇಳಿಸಿ, ತಪ್ಪಿದಲ್ಲಿ ತಿದ್ದಿದರು. "ಒಬ್ಬಳನ್ನೂ ಬಿಡ್ಬೇಡ" ಎಂದರು. ಒಳಗೆ ಹೋದ ಮೇಲೆ ತಿರುಗಿ ನೋಡಲಿಲ್ಲ. ಶಿರ್ವದಲ್ಲಿ ತಂಗಿಯ ಮನೆಯಲ್ಲಿದ್ದರು. ಕಳೆದ ತಿಂಗಳು ಹೃದಯ ನಿಂತು ತೀರಿಕೊಂಡರು.

ಸುದ್ದಿ ತಿಳಿದು ವನಿತಾ ನನಗೆ ಫೋನ್ ಮಾಡಿದರು. "ಪಾಪ, ಒಳ್ಳೆ ಹೆಂಗಸು. ಸ್ವಲ್ಪ ಕೋಪ, ಅಷ್ಟೆ" ಎಂದರು. "ಅವರ ನೆನಪಿಗೆ ಒಂದು ಸ್ಕಾಲರ್‌ಶಿಪ್ ಇಡುವ ಅಂತ ಇವರು ಹೇಳ್ತಿದ್ದಾರೆ. ನಮ್ಮ ಮನೆಗೆಲಸದ ಹೊಸ ಹುಡುಗಿಗೂ ಊರಲ್ಲಿ ಓದುವ ಮಗಳಿದ್ದಾಳಂತೆ, ಅದೇ ಉಗಾಂಡಾ. ಅವಳಿಗೇ ಕೊಡುವ. ಟೀಚರದ್ದು ಒಂದು ಒಳ್ಳೆ ಫೋಟೋ ಉಂಟಾ ನಿಮ್ಮತ್ರ?"

"ಮಗುವಿನ ಹೆಸರು ಕೊಡಿ, ನಾವು ಓದಿಸ್ತೇವೆ. ನಿಮ್ಮ ದುಡ್ಡು ಬೇಡ. ಟೀಚರ ಹೆಸರನ್ನಂತೂ ನಿಮ್ಮ ಬಾಯಲ್ಲಿ ತೆಗೀಲೇಬೇಡಿ" ಎಂದೆ.

"ಎಂತ ಶೋಭಾ, ಕೊಡುವವರನ್ನು ಬೇಡ ಅಂತೀರಾ?" ಎಂದು ಅವರು ಫೋನ್ ಇಟ್ಟರು. ಹೆಸರು ಕೊಡಲಿಲ್ಲ.

ಶುಕ್ರವಾರ ನಾನು ಇಗರ್ಜಿಯ ಅಂಗಳಕ್ಕೆ ಹೋದೆ. ಗೋಡೆಯ ಹತ್ತಿರ ನಿಂತ ಹೆಂಗಸರಲ್ಲಿ ಒಬ್ಬೊಬ್ಬರನ್ನೇ ಕೇಳಿದೆ. ರಿಫಾದ ಆ ಮನೆಗೆ ಹೊಸಬಳು ಬಂದಿರುವುದು ಅವರಿಗೆ ಗೊತ್ತಿತ್ತು. ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ, ನೋಡಿದವರೂ ಇರಲಿಲ್ಲ. ಆ ಮನೆಯಲ್ಲಿ ಶುಕ್ರವಾರ ಬಿಡುವುದಿಲ್ಲ ಎಂದರು.

ಉಗಾಂಡಾದಲ್ಲಿ ಶಾಲೆಗಳು ತೆರೆಯುವ ಸಮಯ ಹತ್ತಿರವಾಗಿದೆ. ನಾಳೆ ಮತ್ತೆ ಶುಕ್ರವಾರ. ಈ ಸಲ ನಾನು ಇಗರ್ಜಿಗೆ ಹೋಗುವುದಿಲ್ಲ. ನೇರ ರಿಫಾಕ್ಕೆ ಹೋಗಿ ಆ ಮನೆಯ ಬೆಲ್ ಒತ್ತುತ್ತೇನೆ, ಒಬ್ಬಳೇ.