ಹೊಸ ನೀರು ಕುಡಿದ ಮೋಟಾರು

ನೀರು ಸಣ್ಣ ಧಾರೆಯಾಗಿ ಬೀಳುವುದನ್ನು ಕಂಡರೆ ನಿಂತು ನೋಡುವ ಚಟ ನನಗೆ. ನಲ್ಲಿಯಲ್ಲಿ ನೀರು ಸರಿಯಾಗಿ ಬರುತ್ತಿಲ್ಲವೆಂದು ಮನೆಯವರೆಲ್ಲ ಗೊಣಗುತ್ತಿದ್ದರೆ, ನಾನು ಮಾತ್ರ ಆ ದಾರದಂಥ ನೀರಿಗೆ ಮನಸ್ಸಿನಲ್ಲೇ ಕೈಮುಗಿದು ನಿಂತಿರುತ್ತೇನೆ. ಇದು ವಯಸ್ಸಾದ ಲಕ್ಷಣವೆಂದು ನನ್ನ ಹೆಂಡತಿಯ ತೀರ್ಮಾನ. ಅವಳು ಪಾಪ, ಭಾವನ ದೋಣಿ ಮೋಟಾರನ್ನು ಕಂಡವಳಲ್ಲ.

ಆಗ ನಾನು ಹೊಸೂರಿನ ಮೂಕಂಡಪಲ್ಲಿಯಲ್ಲಿ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿದ್ದೆ. ಯಾರಾದರೂ ಚೀಟಿ ತಂದರೆ ಅದರಲ್ಲಿ ಬರೆದಷ್ಟು ನಟ್ಟು ಬೋಲ್ಟು ಎಣಿಸಿ ಕೊಡುವುದು, ಚೀಟಿಯನ್ನು ಮೊಳೆಗೆ ಚುಚ್ಚುವುದು, ಇಷ್ಟೇ ನನ್ನ ಯಂತ್ರವಿದ್ಯೆ. ಆದರೆ ನಮ್ಮ ನೆಂಟರ ಕಣ್ಣಿಗೆ ಸೈರನ್ ಕೂಗಿದಾಗ ಖಾಕಿ ತೊಟ್ಟು ಗೇಟಿನೊಳಗೆ ಹೋಗುವವರೆಲ್ಲ ಮೆಕ್ಯಾನಿಕ್ಕುಗಳೇ. ಮದುವೆಗೆಂದು ಊರಿಗೆ ಹೋದರೆ ಊಟಕ್ಕೆ ಮುಂಚೆ ಮಾತುಬಿಟ್ಟ ರೇಡಿಯೋ, ಊಟವಾದ ಮೇಲೆ ನಿಂತುಹೋದ ಗಡಿಯಾರ ನನ್ನ ಮುಂದೆ ಬಂದು ಕೂರುತ್ತಿದ್ದವು. ನಾನು ಬಿಚ್ಚುತ್ತಿದ್ದೆ, ಒಳಗೆ ಉಫ್ ಎಂದು ಊದುತ್ತಿದ್ದೆ, ಮುಚ್ಚುತ್ತಿದ್ದೆ. ಧೂಳಿನಿಂದ ಕೆಟ್ಟಿದ್ದವು ಸರಿಹೋಗುತ್ತಿದ್ದವು. ನಮ್ಮ ಕಡೆ ಮುಕ್ಕಾಲು ಪಾಲು ವಸ್ತುಗಳು ಧೂಳಿನಿಂದಲೇ ಕೆಡುತ್ತಿದ್ದರಿಂದ ನನ್ನ ಹೆಸರು ಬೆಳೆಯುತ್ತಲೇ ಹೋಯಿತು.

ನನ್ನ ಅಕ್ಕನನ್ನು ಕೊಟ್ಟಿದ್ದು ಕೃಷ್ಣಗಿರಿ ಡ್ಯಾಮಿನ ಹಿನ್ನೀರಿನ ಆಚೆ ದಡದ ಒಂದು ಹಳ್ಳಿಗೆ. ಭಾವ ಮುನಿರಾಜು ಇದ್ದ ಹೊಲದ ಜೊತೆಗೆ ಒಂದು ದೋಣಿಯನ್ನೂ ಇಟ್ಟುಕೊಂಡು ಸಂತೆಗೆ, ಕೋರ್ಟಿಗೆ, ಆಸ್ಪತ್ರೆಗೆ ಹೋಗುವವರನ್ನು ಈಚೆ ದಡಕ್ಕೆ ಬಿಡುತ್ತಿದ್ದರು. ಹುಟ್ಟು ಹಾಕಿ ಹಾಕಿ ಭುಜ ನೋಯತೊಡಗಿದಾಗ ಎಲ್ಲಿಂದಲೋ ಒಂದು ಹಳೆಯ ಮೋಟಾರು ತಂದರು. ಎಲ್ಲಿಂದಲೋ ಏನು ಬಂತು, ಕಡಲೂರಿನಿಂದ. ನಮ್ಮ ಹೊಳೆ ಈ ಡ್ಯಾಮು ದಾಟಿ, ತಮಿಳುನಾಡನ್ನೆಲ್ಲ ಸುತ್ತಿ, ಸಮುದ್ರ ಸೇರುವುದು ಆ ಊರಿನ ಹತ್ತಿರವೇ. ನೀರು ಇಳಿದುಹೋದ ದಾರಿಯನ್ನು ಆ ಮೋಟಾರು ಲಾರಿಯಲ್ಲಿ, ಕರುವಾಡಿನ ಮೂಟೆಗಳ ನಡುವೆ ಮಲಗಿಕೊಂಡು ಹತ್ತಿ ಬಂದಿತ್ತು. ಒಂದು ತಿಂಗಳು ದೋಣಿಯಲ್ಲಿ ಕೂತವರೆಲ್ಲ ಒಣಮೀನಿನ ವಾಸನೆ ಹೊತ್ತುಕೊಂಡೇ ಕೋರ್ಟಿಗೆ ಹೋದರು.

ಈ ಜಾತಿಯ ಮೋಟಾರನ್ನು ದೋಣಿಯ ಹಿಂಬದಿಗೆ ನೇತುಹಾಕುತ್ತಾರೆ. ಅದರ ಕಾಲು ನೀರಿನಲ್ಲಿ, ತಲೆ ಮೇಲೆ. ಕಾಲಿನ ಹತ್ತಿರದ ಜಾಲರಿಯಿಂದ ನೀರನ್ನು ಹೀರಿ, ಬಿಸಿಯಾದ ತಲೆಯನ್ನು ತಣ್ಣಗೆ ಮಾಡಿಕೊಂಡು, ಪಕ್ಕದ ಒಂದು ಸಣ್ಣ ತೂತಿನಿಂದ ಹೊರಗೆ ಚಿಮ್ಮುತ್ತದೆ. ಆ ಧಾರೆ ಬರುತ್ತಿದ್ದರೆ ಮೋಟಾರು ಕ್ಷೇಮ. ಭಾವ ಅದಕ್ಕೆ ಸ್ಕೂಲಿನ ಮಕ್ಕಳ ಮಾತು ಇಟ್ಟಿದ್ದರು. ಮೋಟಾರು ಸ್ಟಾರ್ಟಾದ ಕೂಡಲೇ ‘ಒಂದಕ್ಕೋಯ್ತಾ?’ ಎಂದು ಬಗ್ಗಿ ನೋಡಿ, ಹೋಯಿತೆಂದು ಖಾತ್ರಿಯಾದ ಮೇಲೆಯೇ ಹಗ್ಗ ಬಿಚ್ಚುತ್ತಿದ್ದರು. ಗೌರವಸ್ಥ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಆಚೆ ತಿರುಗುತ್ತಿದ್ದರು.

ಇನ್ನು ಮಂಜುಳಾ ವಿಷಯಕ್ಕೆ ಬರುತ್ತೇನೆ. ಅಕ್ಕನ ಒಬ್ಬಳೇ ಮಗಳು. ಆ ಹಳ್ಳಿಯಿಂದ ಎಸ್ಸೆಸ್ಸೆಲ್ಸಿವರೆಗೆ ಬಂದ ಮೊದಲ ಹುಡುಗಿ. ಎಲ್ಲದರಲ್ಲೂ ಪಾಸಾಗಿ ಇಂಗ್ಲಿಷಿನಲ್ಲಿ ಕೂತುಬಿಟ್ಟಳು. ಅಕ್ಟೋಬರಿನಲ್ಲಿ ಮತ್ತೆ ಬರೆಯಬಹುದಿತ್ತು. ಪಾಸಾದರೆ ನರ್ಸ್ ಟ್ರೈನಿಂಗಿಗೆ ಕಳಿಸುತ್ತೇನೆಂದು ಭಾವ ಮಾತು ಕೊಟ್ಟಿದ್ದರು. ಆಗದಿದ್ದರೆ ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳಲ್ಲಿ ಮದುವೆಯೆಂದು ಅಕ್ಕ ತೀರ್ಮಾನಿಸಿದ್ದಳು. ಗಂಡು ಹುಡುಕುವ ಕಷ್ಟವೂ ಇರಲಿಲ್ಲ. ನಮ್ಮಲ್ಲಿ ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು. ಆ ಸೋದರಮಾವ ನಾನು.

ನನ್ನ ಸೊಂಟದ ಮೇಲೆ ಕೂತು ನನ್ನ ಅಂಗಿಗೇ ಮೂಗು ಒರೆಸಿಕೊಂಡು ಬೆಳೆದ ಹುಡುಗಿ ಅವಳು. ಅವಳನ್ನು ಮದುವೆಯಾಗುವ ಯೋಚನೆಯೇ ನನಗೆ ಕಸಿವಿಸಿ ತರುತ್ತಿತ್ತು. ಆದರೆ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಅವಳಿಗೆ ‘ಬೇಡ’ ಎಂದು ಹೇಳಿ ನನಗೆ ರೂಢಿಯಿರಲಿಲ್ಲ. ಅವಳು ಮದುವೆಯ ಸುದ್ದಿ ಎತ್ತಿದಾಗಲೆಲ್ಲ ಮುದ್ದೆ ಬಹಳ ಚೆನ್ನಾಗಿದೆಯೆಂದು ಹೇಳಿ ಇನ್ನರ್ಧ ಹಾಕಿಸಿಕೊಳ್ಳುತ್ತಿದ್ದೆ. ಆ ವರ್ಷ ದಪ್ಪಗಾದೆ.

ಆ ವರ್ಷ ಮಳೆಯೂ ಚೆನ್ನಾಗಿ ಬಂತು. ಹಳ್ಳ ಉಕ್ಕಿ, ಊರಿಗೆ ಬರುವ ರಸ್ತೆಯ ಮೇಲೆ ಹರಿದು ಬಸ್ಸು ನಿಂತಿತು. ಉಳಿದದ್ದು ದೋಣಿಯೊಂದೇ. ಹುಟ್ಟು ಹಾಕಿಕೊಂಡು ಹೋಗೋಣವೆಂದರೆ, ನೀರಿನ ಸೆಳೆತ ಡ್ಯಾಮಿನ ಬಾಗಿಲ ಕಡೆಗಿದ್ದುದರಿಂದ ಯಾರಿಗೂ ಧೈರ್ಯವಿರಲಿಲ್ಲ. ಮೋಟಾರೇ ಗತಿ ಎನ್ನುವ ಹೊತ್ತಿಗೆ ಮೋಟಾರು ಒಂದಕ್ಕೆ ಹೋಗುವುದನ್ನು ನಿಲ್ಲಿಸಿತು. ಸೋಮವಾರ ಬೆಳಗ್ಗೆ ಕೃಷ್ಣಗಿರಿಯಲ್ಲಿ ಇಂಗ್ಲಿಷ್ ಪರೀಕ್ಷೆ. ಭಾವ ಯಾರ ಕೈಲೋ ಹೇಳಿಕಳಿಸಿದರು. ಭಾನುವಾರ ಬೆಳಗ್ಗೆಯೇ ಒಂದು ಮೀನಿನ ತೆಪ್ಪದವನ ಕಾಲು ಹಿಡಿದು, ದಡದ ಪಕ್ಕಪಕ್ಕದಲ್ಲೇ ಸುತ್ತಿ ನಾನು ಆಚೆ ದಡ ಸೇರಿದೆ. ನಾನೊಬ್ಬನಾದರೆ ಮುಳುಗಿದರೂ ಸ್ಟೋರಿಗೆ ಬೇರೆಯವರು ಸಿಗುತ್ತಾರೆ. ಆ ತೆಪ್ಪದಲ್ಲಿ ಹುಡುಗಿಯನ್ನು ಕೂರಿಸುವ ಹಾಗಿರಲಿಲ್ಲ.

ಮೋಟಾರನ್ನು ದಡದಲ್ಲೇ ಇದ್ದ ಅಕ್ಕನ ಮನೆಯ ಮುಂದೆ ಒಂದು ಡ್ರಮ್ಮಿಗೆ ನೇತುಹಾಕಿದ್ದರು. ಅದಕ್ಕೆ ಅರಿಶಿನ ಕುಂಕುಮವೂ ಆಗಿತ್ತು. ನಾನು ಖಾಕಿ ತೋಳು ಮಡಚಿ, ಮೊದಲು ನನ್ನ ಪದ್ಧತಿಯಂತೆ ತೂತಿಗೆ ಬಾಯಿಟ್ಟು ಊದಿದೆ. ಅದು ಜಗ್ಗಲಿಲ್ಲ. ಪೊರಕೆ ಕಡ್ಡಿ ತೂರಿಸಿದೆ; ಒಂದು ಗೇಣು ಹೋಗಿ ನಿಂತಿತು. ಜಾಲರಿಯ ನಟ್ಟು ಬಿಚ್ಚಿ, ಸುತ್ತಿದ್ದ ಪಾಚಿಯನ್ನು ಬಿಡಿಸಿ ಮತ್ತೆ ಬಿಗಿದೆ. ಡ್ರಮ್ಮಿನ ನೀರು ಜಾಲರಿಗಿಂತ ಕೆಳಗಿದ್ದರೆ ಮೋಟಾರು ಗಾಳಿ ಹೀರುತ್ತದೆಂದು ತೋರಿ ಅಂಚಿನವರೆಗೂ ತುಂಬಿಸಿದೆ. ಸ್ಟಾರ್ಟ್ ಮಾಡಿದರೆ ಹೊಗೆ ಬಂತು, ಸದ್ದು ಬಂತು, ಬರಬೇಕಾದ್ದು ಮಾತ್ರ ಬರಲಿಲ್ಲ. ತಲೆ ಸುಡತೊಡಗಿದ ಕೂಡಲೇ ನಿಲ್ಲಿಸಿದೆ. ಮಂಜುಳಾ ಇಂಗ್ಲಿಷ್ ಗೈಡು ಹಿಡಿದುಕೊಂಡು ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಹೋಗಿ ಓದಿಕೋ ಎಂದರೂ ಕದಲಲಿಲ್ಲ. ಗೈಡಿನ ಹಾಳೆಯೂ ತಿರುಗಲಿಲ್ಲ. ಹುಡುಗಿಗೆ ಯಂತ್ರಗಳ ಮೇಲೆ ಆಸಕ್ತಿ ಇದೆಯೆಂದು ನನಗೆ ಸಂತೋಷವಾಯಿತು.

ಆಗ ಡ್ರಮ್ಮಿನೊಳಗೆ ಕೈ ಅದ್ದಿ ನೋಡಿದೆ. ಮೊಳಕೈವರೆಗೆ ಕೆಂಪು ಮಣ್ಣು ಮೆತ್ತಿಕೊಂಡಿತು.

“ದಿನಾ ತೊಳೀತಿದ್ದೆ ಕಣ್ಲಾ ಸೀನ,” ಎಂದರು ಭಾವ, ತಮ್ಮದೇನೂ ತಪ್ಪಿಲ್ಲವೆನ್ನುವಂತೆ. “ಓಡ್ಸಿದ್ ಮ್ಯಾಕೆ ಪ್ರೆಶ್ ವಾಟ್ರಾಗೆ ತೊಳೀಬೇಕು ಅಂತ ಮೋಟ್ರು ಜತೆ ಬಂದ್ ಪುಸ್ತಕ್ದಾಗೇ ಐತೆ. ಡ್ಯಾಮ್ನಾಗಿರಾದು ಹೋದ್ವರ್ಸದ ಹಳೇ ನೀರು. ಅದ್ಕೇ ಹಳ್ಳ ಸೇರೋ ತಾವ್ಕೋಗಿ ಹೊಸ ನೀರು ಹೊತ್ಕಂಡ್ ಬತ್ತಿದ್ದೆ.”

ಪ್ರೆಶ್ ಎಂದರೆ ಹೊಸದು ಎಂದು ಯಾರು ಹೇಳಿದರೆಂದು ಕೇಳಿದೆ. ಭಾವ ಹೆಮ್ಮೆಯಿಂದ ಮಗಳ ಕಡೆ ನೋಡಿದರು. ಈ ಊರಿನಲ್ಲಿ ಇಂಗ್ಲಿಷ್ ಬರುವವರು ಇನ್ಯಾರಿದ್ದಾರೆ?

ಹೊಸ ನೀರು ಎಂದರೆ ಏನೆಂದು ಹೊಳೆ ದಡದವರಿಗೆ ಹೇಳಬೇಕಿಲ್ಲ. ಮಳೆಗಾಲದಲ್ಲಿ ಮೊದಲು ಬರುವ ಕೆಂಪು ನೀರು. ಊರೆಲ್ಲದರ ಮಣ್ಣು, ಗೊಬ್ಬರ, ಕಸಕಡ್ಡಿ ಕಲಸಿಕೊಂಡು ಬರುವ ರಾಗಿ ಅಂಬಲಿಯಂಥ ನೀರು. ಅದಕ್ಕೆ ಹೂವು ಹಾಕಿ ಕೈಮುಗಿಯುತ್ತೇವೆ. ಭಾವ ಆ ಪೂಜ್ಯ ನೀರನ್ನೇ ತಂದು, ದಿನವೂ ಸಂಜೆ ಭಕ್ತಿಯಿಂದ ಮೋಟಾರಿಗೆ ಕುಡಿಸಿದ್ದರು. ಮೋಟಾರಿನ ಹೊಟ್ಟೆಯಲ್ಲಿ ಈಗ ಒಂದು ಸಣ್ಣ ಗದ್ದೆಯೇ ಇತ್ತು.

ಮಂಜುಳಾಳದೂ ತಪ್ಪೇನಿರಲಿಲ್ಲ ಬಿಡಿ. ಆಮೇಲೆ ನಾನು ಈ ಮಾತನ್ನು ಬಹಳ ಯೋಚಿಸಿದ್ದೇನೆ. ಪುಸ್ತಕ ಹೇಳಿದ್ದು ಉಪ್ಪಿಲ್ಲದ ನೀರನ್ನು; ಅದಕ್ಕೆ ನಾವು ಸೀನೀರು ಎನ್ನುತ್ತೇವೆ, ಅದರಲ್ಲಿ ಸಕ್ಕರೆಯ ಹರಳೂ ಇರುವುದಿಲ್ಲ. ತಮಿಳರು ನಲ್ಲ ತಣ್ಣಿ ಎನ್ನುತ್ತಾರೆ, ತೆಲುಗರು ಮಂಚಿ ನೀಳ್ಳು. ಇಬ್ಬರಿಗೂ ಅದು ಒಳ್ಳೆಯ ನೀರು. ನಮ್ಮ ಕಡೆ ಒಂದೇ ಬಾವಿಕಟ್ಟೆಯ ಮೇಲೆ ಮೂರು ಭಾಷೆಯವರೂ ನಿಂತು ಮೂರು ಹೆಸರಿನ ಒಂದೇ ನೀರು ಸೇದುತ್ತಾರೆ, ಯಾರ ಕೊಡವೂ ತಪ್ಪುವುದಿಲ್ಲ. ಇಂಗ್ಲಿಷಿನವರು ಮಾತ್ರ ಅದನ್ನು ತಾಜಾ ಎಂದುಬಿಟ್ಟರು. ಉಪ್ಪುನೀರಿನ ನಡುವೆ ಬದುಕುವವರಿಗೆ ಉಪ್ಪಿಲ್ಲದ್ದೆಲ್ಲ ತಾಜಾ ಅನ್ನಿಸಿರಬೇಕು. ಆ ಪುಸ್ತಕ ಬರೆದದ್ದೇ ಸಮುದ್ರದವರಿಗೆ, ಉಪ್ಪು ತೊಳೆದುಹೋಗಲಿ ಎಂದು. ಸಮುದ್ರವನ್ನೇ ನೋಡದ ನಾವು ಅದನ್ನು ಅಕ್ಷರಶಃ ಪಾಲಿಸಿದ್ದೆವು.

ಅವತ್ತು ಮಾತ್ರ ಇಷ್ಟು ಯೋಚಿಸಲು ಪುರಸೊತ್ತಿರಲಿಲ್ಲ. ಮಂಜುಳಾ ಗೈಡಿನೊಳಗೆ ಮುಖ ಇಟ್ಟುಕೊಂಡು ಅಳುತ್ತಿದ್ದಳು. ಭಾವ ಎಲ್ಲಿಂದಲೋ ಸೈಕಲ್ ಪಂಪು ತಂದರು. ಅದರ ಬಾಯಿಗೆ ಬಟ್ಟೆ ಸುತ್ತಿ, ಮೋಟಾರಿನ ತೂತಿಗೆ ಒತ್ತಿ ಹಿಡಿದು ಹಿಂದುಮುಂದಾಗಿ ಗಾಳಿ ಹೊಡೆದೆವು. ಬಹಳ ಹೊತ್ತಿನ ಮೇಲೆ ಗೊಳಕ್ ಎಂದು ಜಾಲರಿಯಿಂದ ಕೆಂಪು ಕೆಸರು ಬಿತ್ತು. ಇನ್ನು ಒಳಗೆಲ್ಲ ತೊಳೆಯಲು ತಿಳಿನೀರು ಬೇಕು. ಡ್ಯಾಮಿನ ಅಂಚೆಲ್ಲ ಕೆಂಪಾಗಿತ್ತು. ತಿಳಿನೀರು ಇದ್ದದ್ದು ಸೀನೀರಿನ ಬಾವಿಯಲ್ಲಿ ಮಾತ್ರ, ಅದೂ ಇಡೀ ಊರಿಗೆ ಕುಡಿಯಲು. ಸರದಿ ನಿಂತು ಸೇದಿದ ಕುಡಿಯುವ ನೀರನ್ನು ಮೋಟಾರಿಗೆ ಕೇಳಲು ನನಗೂ ಭಾವನಿಗೂ ಬಾಯಿ ಬರಲಿಲ್ಲ.

ಅಕ್ಕ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಗಳು ಪರೀಕ್ಷೆಗೆ ಹೋಗದಿದ್ದರೆ ಅವಳಾಸೆಯಂತೆ ತಮ್ಮನೇ ಅಳಿಯನಾಗುತ್ತಿದ್ದ. ಅವಳು ಒಳಗೆ ಹೋದಳು. ಅಡುಗೆಮನೆಯ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಬಂದು ಡ್ರಮ್ಮಿಗೆ ಸುರಿದಳು.

“ಫೇಲಾಗಾದಾದ್ರೂ ಹೋಗಿ ಬರ್ದು ಫೇಲಾಗ್ಲಿ,” ಎಂದಳು. “ಮೋಟ್ರು ಕೆಟ್ಟು ನನ್ ಮಗ್ಳು ಫೇಲಾಗದ್ ಬ್ಯಾಡ.”

ಆಮೇಲೆ ಖಾಲಿ ಕೊಡ ಹಿಡಿದು ಬಾವಿ ಕಡೆ ಹೋದಳು. ಅಲ್ಲಿ ಏನು ಹೇಳಿದಳೋ ಗೊತ್ತಿಲ್ಲ. ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಯಾಕೆಂದು ಮೂರೂ ಭಾಷೆಗಳಲ್ಲಿ ಕೇಳುತ್ತಿದ್ದ ಹೆಂಗಸರೇ ಒಬ್ಬರ ಹಿಂದೊಬ್ಬರು ಬಂದು, ಒಂದೊಂದು ಕೊಡ ಸುರಿದು, ಒಂದು ಗಳಿಗೆ ನಿಂತು ಡ್ರಮ್ಮಿನೊಳಗೆ ಬಗ್ಗಿ ನೋಡಿ ಹೋದರು. ಕೆಂಪಾದ ನೀರನ್ನು ಚೆಲ್ಲಿ ಮತ್ತೆ ತುಂಬಿಸಿದೆವು. ಆ ಸಂಜೆ ಎಷ್ಟು ಮನೆಗಳಲ್ಲಿ ಸಾರಿಗೆ ನೀರು ಕಮ್ಮಿಯಾಯಿತೋ. ಅವರಲ್ಲಿ ಬಹಳ ಜನ ಈಗಿಲ್ಲ. ಅವರಿಗೆ ಥ್ಯಾಂಕ್ಸ್ ಹೇಳುವುದು ಆಗ ನನಗೆ ಹೊಳೆದಿರಲಿಲ್ಲ; ಈಗ ಹೇಳಲು ಈ ಬರಹವೊಂದೇ ದಾರಿ.

ಕೊನೆಗೆ ಭಾವ ಹಗ್ಗ ಎಳೆದರು. ಮೋಟಾರು ಕೆಮ್ಮಿತು. ತೂತಿನಿಂದ ಒಂದು ತೊಟ್ಟು ಕೆಸರು, ಮತ್ತೊಂದು ತೊಟ್ಟು, ಆಮೇಲೆ ದಾರದಷ್ಟು ಸಣ್ಣಗೆ, ತಿಳಿಯಾಗಿ, ನಡುಗುತ್ತಾ ಒಂದು ಧಾರೆ. ಯಾವ ಹೆಂಗಸೂ ಆಚೆ ತಿರುಗಲಿಲ್ಲ. ಎಲ್ಲರೂ ಕಣ್ತುಂಬ ನೋಡಿದರು.

ಬೆಳಗ್ಗೆ ಭಾವ, ಮಂಜುಳಾ, ನಾನು ಹೊರಟೆವು. ಭಾವ ಮೋಟಾರನ್ನು ಮೆಲ್ಲಗೆ ಓಡಿಸಿದರು. ನಡುನೀರಿನಲ್ಲಿ ಧಾರೆ ಒಮ್ಮೆ ತೊಟ್ಟಿಕ್ಕುವಂತಾಯಿತು. ಒಳಗೆ ಉಳಿದಿದ್ದ ಮಣ್ಣು ಬಾಯಿಗೆ ಬಂದು ಕೂತಿತ್ತು. ಮಂಜುಳಾ ತಲೆಯಿಂದ ಹೇರ್‌ಪಿನ್ ತೆಗೆದು ನನ್ನ ಕೈಗೆ ಕೊಟ್ಟಳು. ಕೊಟ್ಟವಳು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಚುಚ್ಚಿದೆ, ಮಣ್ಣು ಉದುರಿ ಧಾರೆ ಮುಖಕ್ಕೇ ಚಿಮ್ಮಿತು. ಅವಳು ನಕ್ಕಳು. ಪರೀಕ್ಷೆಯ ಗಂಟೆ ಹೊಡೆಯುವ ಮೊದಲೇ ಅವಳು ತನ್ನ ಬೆಂಚಿನಲ್ಲಿದ್ದಳು.

ಪಾಸಾದಳು. ಮಾರ್ಕು ಕೇಳಬೇಡಿ, ಧಾರೆಯಷ್ಟೇ ತೆಳ್ಳಗಿತ್ತು. ಅಕ್ಕ ನನ್ನನ್ನು ಕರೆಸಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ನಿನಗೆ ಬೇರೆ ಕಡೆ ಒಳ್ಳೆ ಹೆಣ್ಣು ತರುತ್ತೇನೆಂದು ಸಮಾಧಾನ ಮಾಡಿ ಒಬ್ಬಟ್ಟು ಹಾಕಿದಳು. ನಾನು ಆದಷ್ಟು ದುಃಖದ ಮುಖ ಮಾಡಿಕೊಂಡು ನಾಲ್ಕು ತಿಂದೆ.

ಧರ್ಮಪುರಿಯಲ್ಲಿ ಟ್ರೈನಿಂಗಿಗೆ ಸೇರಲು ಹೊರಟ ದಿನ ಮಂಜುಳಾಳ ಟ್ರಂಕನ್ನು ನಾನೇ ಬಸ್ ಸ್ಟ್ಯಾಂಡಿಗೆ ಹೊತ್ತೆ. ಬಸ್ಸಿನ ಕಿಟಕಿಯಿಂದ ಅವಳು ಮೆಲ್ಲಗೆ ಹೇಳಿದಳು: “ಮಾವ, ಅವತ್ತು ನಾನು ಮೋಟ್ರು ನೋಡ್ತಿರ್ಲಿಲ್ಲ. ನಿನ್ ಕೈ ನೋಡ್ತಿದ್ದೆ. ನೀನು ಒಂದ್ ನಟ್ಟು ಸಡ್ಲ ಬಿಟ್ಟಿದ್ರೆ ಸಾಕಿತ್ತು, ಯಾರ್ಗೂ ಗೊತ್ತಾಗ್ತಿರ್ಲಿಲ್ಲ.”

ಬಸ್ಸು ಹೊರಟುಹೋಯಿತು. ನಾನು ಮುದ್ದೆ ಹೊಗಳುತ್ತಾ ಬಾಯಿಬಿಡದೆ ಕೂತಿದ್ದಾಗಲೆಲ್ಲ ಅವಳು ಅದನ್ನು ಮದುವೆಗೆ ಒಪ್ಪಿಗೆಯೆಂದೇ ಅರ್ಥ ಮಾಡಿಕೊಂಡಿದ್ದಳೋ ಏನೋ. ಆ ಇಡೀ ಭಾನುವಾರ ಆ ಹುಡುಗಿ ನನಗೇ ಒಂದು ಪರೀಕ್ಷೆ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು, ನಾನು ಪಾಸಾಗಿದ್ದೆ. ಹಾಗೊಂದು ಪರೀಕ್ಷೆ ನಡೆಯುತ್ತಿದೆಯೆಂದು ಅವಳು ಮೊದಲೇ ಹೇಳದೆ ಇದ್ದದ್ದು ದೊಡ್ಡ ಉಪಕಾರ. ಹೇಳಿದ್ದರೆ ನನ್ನ ಕೈ ನಡುಗಿ ನಟ್ಟು ಖಂಡಿತ ಸಡಿಲವಾಗುತ್ತಿತ್ತು.